ಬಿಚ್ಚಿ ನೋಡೋಣ ಬಾ: ಹಳೇ ಕಾರು, ನಿಂತ ಗಡಿಯಾರ ಮತ್ತು ಮಕ್ಕಳ ಕನ್ನಡ

ನಿಮ್ಮ ಮಗುವಿಗೆ ಮೊದಲ ಹಲ್ಲು ಬಂದ ದಿನ ನಿಮಗೆ ನೆನಪಿರುತ್ತದೆ. ಮೊದಲ ಹೆಜ್ಜೆಯ ವಿಡಿಯೋ ಫೋನಿನಲ್ಲಿರುತ್ತದೆ. ಶಾಲೆಯ ಮೊದಲ ದಿನ ಯೂನಿಫಾರ್ಮ್ ಹಾಕಿಸಿ, ಬಾಗಿಲ ಮುಂದೆ ನಿಲ್ಲಿಸಿ ತೆಗೆದ ಫೋಟೋ ಊರಿನ ವಾಟ್ಸಾಪ್ ಗುಂಪುಗಳಿಗೆಲ್ಲ ಹೋಗಿರುತ್ತದೆ. ಈಗ ಒಂದು ಪ್ರಶ್ನೆ: ನಿಮ್ಮ ಮಗು ಮೊದಲ ಸಲ ‘ಅದಕ್ಕೇ’ ಎಂದದ್ದು ಯಾವಾಗ?

‘ಬಿಸಿ ಇದೆ, ಅದಕ್ಕೇ ಮುಟ್ಟಲಿಲ್ಲ.’ ‘ಬ್ಯಾಟರಿ ಮುಗಿದಿದೆ, ಅದಕ್ಕೇ ಓಡ್ತಾ ಇಲ್ಲ.’ ಎಷ್ಟು ಚಿಕ್ಕ ಮಾತು! ಆದರೆ ಕಾರಣವನ್ನು ಮೊದಲು ಹೇಳಿ, ಆಗಿದ್ದನ್ನು ಆಮೇಲೆ ಹೇಳುವ ಈ ಜೋಡಣೆ ನಾಲಿಗೆಗೆ ಬಂತೆಂದರೆ, ಮಗು ಕನ್ನಡದಲ್ಲಿ ವಿಚಾರ ಮಾಡುತ್ತಿದೆ ಎಂದೇ ಅರ್ಥ. ಹಲ್ಲು ತಾನಾಗಿ ಬರುತ್ತದೆ. ಹೊರದೇಶದಲ್ಲಿ ಬೆಳೆಯುವ ಮಗುವಿಗೆ ‘ಅದಕ್ಕೇ’ ತಾನಾಗಿ ಬರುವುದಿಲ್ಲ.

ನಮ್ಮ ಮನೆಗಳ ಕನ್ನಡವನ್ನು ಒಂದು ದಿನ ಸುಮ್ಮನೆ ಕೇಳಿಸಿಕೊಳ್ಳಿ. ಏಳು, ಹಲ್ಲುಜ್ಜು, ಬೇಗ ತಿನ್ನು, ಶೂ ಹಾಕ್ಕೋ, ಕೈ ತೊಳಿ, ಟಿವಿ ಆರಿಸು, ಮಲ್ಕೋ. ಹೆಚ್ಚಿನದೆಲ್ಲ ಅಪ್ಪಣೆ. ಅಪ್ಪಣೆಗೆ ಉತ್ತರ ಬೇಕಿಲ್ಲ, ಮಾಡಿದರೆ ಸಾಕು. ಯಾಕೆ, ಹೇಗೆ, ಹೀಗಾದರೆ ಏನಾಗುತ್ತೆ ಎಂಬ ಮಾತೆಲ್ಲ ಶಾಲೆಯಲ್ಲಿ ಟೀಚರ್ ಜೊತೆ, ಇಂಗ್ಲಿಷಿನಲ್ಲಿ ನಡೆಯುತ್ತದೆ. ಕೊನೆಗೆ ಮಗುವಿನ ತಲೆಯಲ್ಲಿ ಒಂದು ಲೆಕ್ಕ ಕೂತುಬಿಡುತ್ತದೆ: ಕನ್ನಡ ಹೇಳಿದ್ದು ಕೇಳುವುದಕ್ಕೆ, ಇಂಗ್ಲಿಷ್ ಯೋಚನೆ ಮಾಡುವುದಕ್ಕೆ.

ಇದು ನಮ್ಮವರಿಗೆ ಮಾತ್ರ ಬಂದ ಕಷ್ಟವಲ್ಲ. ಬೆಲ್ಜಿಯಮ್ಮಿನಲ್ಲಿ ಡಚ್ ಮಾತಾಡುವ ಫ್ಲಾಂಡರ್ಸ್ ಪ್ರದೇಶದ 1,899 ಕುಟುಂಬಗಳನ್ನು ಕುರಿತು ಭಾಷಾ ವಿಜ್ಞಾನಿ ಆನಿಕ್ ಡ ಹೌವರ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆ ಎಲ್ಲ ಮನೆಗಳಲ್ಲೂ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಡಚ್ ಅಲ್ಲದ ಇನ್ನೊಂದು ಭಾಷೆ ಆಡುವವರು. ಮಕ್ಕಳೆಲ್ಲರಿಗೂ ಡಚ್ ಬರುತ್ತಿತ್ತು. ಆದರೆ ಸುಮಾರು ಕಾಲು ಭಾಗದಷ್ಟು ಮನೆಗಳಲ್ಲಿ ಮಕ್ಕಳು ಮನೆಯ ಆ ಇನ್ನೊಂದು ಭಾಷೆಯನ್ನು ಆಡುತ್ತಿರಲಿಲ್ಲ. ಅಪ್ಪನದೊಂದು ಭಾಷೆ, ಅಮ್ಮನದೊಂದು ಭಾಷೆ ಎಂದು ಹಂಚಿಕೊಂಡರೆ ಸಾಕು ಎಂಬ ನಂಬಿಕೆಗೂ ಆ ಅಧ್ಯಯನದಲ್ಲಿ ಬಲ ಸಿಗಲಿಲ್ಲ. ಮನೆಯ ಭಾಷೆಗೆ ಮನೆಯಲ್ಲಿ ಎಷ್ಟು ಜಾಗ ಇದೆ ಎಂಬುದೇ ಮುಖ್ಯವಾಗಿತ್ತು.

ಆ ಜಾಗ ಎಲ್ಲಿ ಸಿಗುತ್ತದೆ? ನಾನು ವೃತ್ತಿಯಲ್ಲಿ ಸಂಶೋಧಕಿ, ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂರುವವಳು. ನಮ್ಮ ಮನೆಯಲ್ಲಿ ಆ ಜಾಗ ಸಿಕ್ಕಿದ್ದು ಕೆಟ್ಟುಹೋದ ಸಾಮಾನುಗಳ ಡಬ್ಬಿಯಲ್ಲಿ.

ಎಲ್ಲದಕ್ಕೂ ‘ಓಪನ್ ಮಾಡು’ ಅನ್ನುವ ಮಗುವಿಗೆ

ಕೆಟ್ಟ ಟಾರ್ಚೊಂದನ್ನು ಮೇಜಿನ ಮೇಲಿಟ್ಟು ಮಗುವನ್ನು ಕೂರಿಸಿಕೊಳ್ಳಿ. ನಮ್ಮ ಮಕ್ಕಳ ಬಾಯಲ್ಲಿ ಎಲ್ಲವೂ ‘ಓಪನ್ ಮಾಡು’. ಕನ್ನಡಕ್ಕೆ ಅಷ್ಟು ಬಡತನವಿಲ್ಲ. ಬಾಗಿಲು ತೆಗೆಯುತ್ತೇವೆ, ಗಂಟು ಬಿಚ್ಚುತ್ತೇವೆ, ಕೊಂಡಿ ಕಳಚುತ್ತೇವೆ, ಮೊಳೆ ಕೀಳುತ್ತೇವೆ, ಸಿಕ್ಕು ಬಿಡಿಸುತ್ತೇವೆ, ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ವೈರಿನ ಸಿಪ್ಪೆಯನ್ನೂ ಸುಲಿಯುತ್ತೇವೆ. ಪುಸ್ತಕದಲ್ಲಿ ಪಟ್ಟಿ ಮಾಡಿ ಕಲಿಸಿದರೆ ನಾಳೆಗೆ ಮರೆತುಹೋಗುತ್ತದೆ. ಬೆರಳಿನ ಕೆಲಸದ ಜೊತೆ ಬಂದ ಮಾತು ಬೆರಳಿನಲ್ಲೇ ಉಳಿಯುತ್ತದೆ. ‘ಎಡಕ್ಕೆ ತಿರುಗಿಸಿದ್ರೆ ಸಡಿಲ, ಬಲಕ್ಕೆ ತಿರುಗಿಸಿದ್ರೆ ಬಿಗಿ’ ಎಂದು ನಾಲ್ಕು ಸ್ಕ್ರೂಗಳಿಗೆ ನಾಲ್ಕು ಸಲ ಹೇಳಿದರೆ ಎಡ ಬಲ ಎರಡೂ ಬಂದವು, ‘ತಿರುಗಿಸಿದ್ರೆ’ ಎಂಬ ‘ರೆ’ಯೂ ಬಂತು.

ಒಂದು ಹೆದರಿಕೆ ನಿಮಗಿರಬಹುದು. ಸ್ಕ್ರೂ, ಪ್ಲಗ್, ಬ್ಯಾಟರಿ ಎಲ್ಲ ಇಂಗ್ಲಿಷೇ ಅಲ್ಲವೇ, ಇದೆಂಥ ಕನ್ನಡ ಎಂದು. ಬೆಂಗಳೂರಿನ ಜೆ.ಸಿ. ರಸ್ತೆಯ ಗ್ಯಾರೇಜಿನವರನ್ನು ನೆನಪಿಸಿಕೊಳ್ಳಿ. ‘ಪ್ಲಗ್ಗು ಕಪ್ಪಾಗಿದೆ, ಬಿಚ್ಚಿ ಉಜ್ಜಿ ಹಾಕು’ ಎಂದರೆ ಅದು ಅಪ್ಪಟ ಕನ್ನಡ ವಾಕ್ಯ. ಹೆಸರು ಎಲ್ಲಿಂದಲಾದರೂ ಬರಲಿ, ಕ್ರಿಯಾಪದ ಮನೆಯದಾಗಿರಲಿ. ಕಾರ್ಬುರೇಟರಿಗೆ ಕನ್ನಡ ಪದ ಹುಡುಕುತ್ತ ಕೂತರೆ ಮಗು ಎದ್ದು ಹೋಗುತ್ತದೆ.

ಯಂತ್ರಗಳೂ ಹಾಗೇ ತಾನೇ ನಮ್ಮವಾದದ್ದು? ಜಾವಾ ಬೈಕು ಚೆಕೊಸ್ಲೊವಾಕಿಯಾದ್ದು. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿ, ಆಮೇಲೆ ಯೆಜ್ಡಿ ಎಂಬ ಹೆಸರು ಪಡೆದು, 1996ರಲ್ಲಿ ಕಾರ್ಖಾನೆ ಮುಚ್ಚುವ ಹೊತ್ತಿಗೆ ಮೈಸೂರಿನದೇ ಮಗುವಾಗಿತ್ತು. ನಾವೀಗ ಇರುವ ಡಬ್ಲಿನ್ನಿನಲ್ಲೂ ಅಂಥದೊಂದು ಕಥೆಯಿದೆ. ಜರ್ಮನಿಯ ಹೊರಗೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ಮೊದಲು ಜೋಡಿಸಿದ್ದು ಇಲ್ಲಿನ ಶೆಲ್ಬರ್ನ್ ರಸ್ತೆಯಲ್ಲಿ, 1950ರಲ್ಲಿ. ಬಿಡಿಭಾಗಗಳಾಗಿ ಬಂದದ್ದನ್ನು ಇಲ್ಲಿನ ಕೈಗಳು ಜೋಡಿಸಿದವು. ಭಾಷೆಯೂ ಅಷ್ಟೇ. ಬಿಡಿಭಾಗ ಹೊರಗಿನದಾದರೂ ಜೋಡಣೆ ನಮ್ಮದು.

ತಾತನ ಗಡಿಯಾರ

ನಾವಿರುವುದು ಟಾಲಾದಲ್ಲಿ, ಲುವಾಸ್ ಟ್ರಾಮಿನ ಕೆಂಪು ಮಾರ್ಗದ ಒಂದು ತುದಿಯಲ್ಲಿ. ಇಲ್ಲಿ ಮಕ್ಕಳಿಗೆ ಎರಡು ಭಾಷೆ ವಿಶೇಷವೇ ಅಲ್ಲ. ಲುವಾಸ್ ಎಂದರೆ ಐರಿಷ್ ಭಾಷೆಯಲ್ಲಿ ವೇಗ. ನಿಲ್ದಾಣದ ಬೋರ್ಡಿನಲ್ಲಿ ಐರಿಷ್ ಇದೆ, ಶಾಲೆಯಲ್ಲಿ ಜೂನಿಯರ್ ಇನ್‌ಫ್ಯಾಂಟ್ಸ್‌ನಿಂದಲೇ ಐರಿಷ್ ಪಾಠವಿದೆ. ಒಂದು ವಸ್ತುವಿಗೆ ಎರಡು ಹೆಸರಿರುವುದು ನನ್ನ ಮಗಳಿಗೆ ಸಹಜ. ಕೊರತೆಯಿದ್ದದ್ದು ಕನ್ನಡದಲ್ಲಿ ಮಾತಾಡಲು ಒಂದು ವಿಷಯ.

ಮೈಸೂರಿನಲ್ಲಿರುವ ನನ್ನ ಅಪ್ಪನ ಜೊತೆ ಅವಳ ಭಾನುವಾರದ ವಿಡಿಯೋ ಕರೆ ಎರಡು ನಿಮಿಷದ್ದು. ‘ಊಟ ಆಯ್ತಾ ಪುಟ್ಟಿ?’ ‘ಆಯ್ತು.’ ‘ಸ್ಕೂಲ್ ಹೇಗಿತ್ತು?’ ‘ಗುಡ್.’ ಅಲ್ಲಿಗೆ ಮುಗಿಯಿತು. ಅಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಯೆಜ್ಡಿಯನ್ನು ತಾನೇ ಬಿಚ್ಚಿ ತಾನೇ ಜೋಡಿಸುತ್ತಿದ್ದವರು. ಅವರಿಗೆ ಗೊತ್ತಿರುವುದೆಲ್ಲ ಕನ್ನಡದಲ್ಲೇ ಇದೆ. ಆ ಕನ್ನಡ ಮೊಮ್ಮಗಳಿಗೆ ಬಾರದಿದ್ದರೆ ಇಬ್ಬರ ನಡುವೆ ಉಳಿಯುವುದು ‘ಊಟ ಆಯ್ತಾ’ ಒಂದೇ. ನನ್ನನ್ನು ಕಾಡುತ್ತಿದ್ದದ್ದು ಅದು.

ಹೋದ ಸಲ ಊರಿನಿಂದ ಬರುವಾಗ ಅಪ್ಪನ ಎಚ್.ಎಂ.ಟಿ. ಜನತಾ ಗಡಿಯಾರ ತಂದಿದ್ದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಶುರು ಮಾಡಿದ ಎಚ್.ಎಂ.ಟಿ.ಯ, ದಿನಾ ಕೀ ಕೊಡಬೇಕಾದ ಗಡಿಯಾರ ಅದು. ನಿಂತುಹೋಗಿತ್ತು. ಒಂದು ಭಾನುವಾರ ಫೋನನ್ನು ಡಬ್ಬಿಗೆ ಒರಗಿಸಿ ನಿಲ್ಲಿಸಿ, ಗಡಿಯಾರವನ್ನು ಮಗಳ ಕೈಗೆ ಕೊಟ್ಟೆ.

‘ಕೀ ಕೊಡು ನೋಡೋಣ. ಬಿಗಿ ಆಗ್ತಾ ಇದೆಯಾ?’ ಎಂದರು ಅಪ್ಪ.

‘ಇಲ್ಲ ತಾತ. ಸುಮ್ನೆ ತಿರುಗ್ತಾ ಇದೆ.’

‘ಎಷ್ಟು ತಿರುಗಿಸಿದ್ರೂ?’

‘ಎಷ್ಟು ತಿರುಗಿಸಿದ್ರೂ.’

‘ಹಾಗಾದ್ರೆ ಒಳಗಿನ ಸ್ಪ್ರಿಂಗು ತುಂಡಾಗಿದೆ ಕಂದ. ಸ್ಪ್ರಿಂಗು ಚೆನ್ನಾಗಿದ್ರೆ ಸ್ವಲ್ಪ ಹೊತ್ತಿಗೆ ಬಿಗಿಯಾಗಿ ನಿಲ್ಲಬೇಕು.’

ಆಮೇಲೆ ಹಿಂದಿನ ಮುಚ್ಚಳ ತೆಗೆದು ಹಲ್ಲಿನ ಚಕ್ರಗಳನ್ನು ನೋಡಿದೆವು. ಸರಿಯಿದ್ದಾಗ ಅದು ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಟಿಕ್ ಅನ್ನುತ್ತದೆ. ಸೆಕೆಂಡಿಗೆ ಐದು ಎಣಿಸಲು ಹೋಗಿ ತಾತ ಮೊಮ್ಮಗಳು ಇಬ್ಬರ ನಾಲಿಗೆಯೂ ಹೊರಳಿತು. ಜಾವಾ ಬೈಕಿನಲ್ಲಿ ಗೇರಿನ ಲಿವರನ್ನೇ ಮೇಲಕ್ಕೆ ಮಡಚಿದರೆ ಕಿಕ್ಕರ್ ಆಗುತ್ತಿತ್ತು ಎಂಬ ಕಥೆಯೂ ಬಂತು. ಕರೆ ಮುಗಿದಾಗ ನಲವತ್ತು ನಿಮಿಷ ಆಗಿತ್ತು. ಮಾರನೆಯ ದಿನ ಅವಳು ಅವಳಪ್ಪನಿಗೆ ವರದಿ ಒಪ್ಪಿಸಿದಳು: ‘ಸ್ಪ್ರಿಂಗು ತುಂಡಾಗಿದೆ, ಅದಕ್ಕೇ ತಾತನ ವಾಚು ಓಡ್ತಾ ಇಲ್ಲ.’ ಗಡಿಯಾರ ಇನ್ನೂ ರಿಪೇರಿಯಾಗಿಲ್ಲ. ಆ ವಾಕ್ಯವನ್ನು ಮಾತ್ರ ನಾನು ತಾರೀಖು ಹಾಕಿ ಬರೆದಿಟ್ಟಿದ್ದೇನೆ.

ಯಾವ ವಯಸ್ಸಿಗೆ ಏನು?

ಎರಡು ಮೂರು ವರ್ಷದವರಿಗೆ ಡಬ್ಬಿಯ ಮುಚ್ಚಳಗಳೇ ಯಂತ್ರ. ತೆಗಿ, ಹಾಕು, ತಿರುಗಿಸು, ಒತ್ತು. ಮಗು ಯಾವುದನ್ನು ನೋಡುತ್ತಿದೆಯೋ ಅದರ ಹೆಸರು ಹೇಳಿ. ಅದರ ಗಮನವನ್ನು ನಮ್ಮ ಕಡೆ ಎಳೆದು ಪದ ಕಲಿಸುವುದಕ್ಕಿಂತ, ಅದರ ಗಮನದ ಹಿಂದೆ ನಾವು ಹೋದರೆ ಪದ ಬೇಗ ಹತ್ತುತ್ತದೆ.

ನಾಲ್ಕರಿಂದ ಆರು ವರ್ಷದವರಿಗೆ ಸಣ್ಣ ಸ್ಕ್ರೂಡ್ರೈವರ್ ಕೊಡಿ. ಹಳೇ ಇಡ್ಲಿ ತಟ್ಟೆಯೊಂದನ್ನು ಎತ್ತಿಡಿ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ ಹಾಕಿಸಿ. ಮೊದಲು, ಆಮೇಲೆ, ಅದಾದ ಮೇಲೆ, ಕೊನೆಗೆ: ಕಥೆ ಹೇಳಲು ಬೇಕಾದ ಮಾತುಗಳೆಲ್ಲ ಆ ತಟ್ಟೆಯಲ್ಲಿವೆ. ಜೋಡಿಸುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ ಬನ್ನಿ.

ಏಳು ವರ್ಷ ದಾಟಿದವರಿಗೆ ಕಾರು. ಐರ್ಲೆಂಡಿನಲ್ಲಿ ಕಾರಿಗೆ ಹತ್ತು ವರ್ಷವಾದ ಮೇಲೆ ಪ್ರತಿವರ್ಷ ಎನ್‌ಸಿಟಿ ಪರೀಕ್ಷೆ ಮಾಡಿಸಬೇಕು. ಹಳೇ ಕಾರಿರುವ ನಮ್ಮಂಥ ಮನೆಗಳಿಗೆ ಅದೂ ಒಂದು ವಾರ್ಷಿಕ ಹಬ್ಬ. ಹಿಂದಿನ ವಾರ ಮಗುವಿನ ಜೊತೆ ನೀವೇ ಒಂದು ಸುತ್ತು ಹಾಕಿ. ಎಣ್ಣೆಯ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಲಿ. ಬ್ರೇಕ್ ಒತ್ತುವುದು ನಿಮ್ಮ ಕೆಲಸ, ಹಿಂದಿನ ದೀಪ ಹತ್ತಿತೋ ಇಲ್ಲವೋ ಕೂಗಿ ಹೇಳುವುದು ಅವರ ಕೆಲಸ. ಟಯರಿನ ಸೀಳುಗಳ ಒಳಗೆ ಅಡ್ಡಕ್ಕೆ ಸಣ್ಣ ದಿಂಡುಗಳಿರುತ್ತವೆ, ಅವನ್ನು ಹುಡುಕಲಿ. ಸೀಳಿನ ಆಳ ಕಾನೂನಿನ ಮಿತಿಯಾದ 1.6 ಮಿಲಿಮೀಟರಿಗೆ ಇಳಿದಾಗ ಆ ದಿಂಡು ಟಯರಿನ ಮೈಗೆ ಸಮವಾಗುತ್ತದೆ. ‘ಸವೆದಿದೆ, ಅದಕ್ಕೇ ಬದಲಾಯಿಸಬೇಕು.’ ನೋಡಿ, ಮತ್ತೆ ಬಂತು.

ಇನ್ನೊಂದು ಆಟಕ್ಕೆ ಖರ್ಚೇ ಇಲ್ಲ. ಇಲ್ಲಿನ ನಂಬರ್ ಪ್ಲೇಟು 1987ರಿಂದ ಕಾರು ನೋಂದಣಿಯಾದ ವರ್ಷದಿಂದಲೇ ಶುರುವಾಗುತ್ತದೆ. 2013ರಿಂದ ಮೂರು ಅಂಕಿ: 131 ಎಂದರೆ ಆ ವರ್ಷದ ಮೊದಲರ್ಧ, 132 ಎಂದರೆ ಎರಡನೆಯದು. ಶಾಲೆಗೆ ನಡೆಯುವ ದಾರಿಯಲ್ಲಿ ‘ಆ ಕಾರಿಗೆ ಎಷ್ಟು ವರ್ಷ?’ ಎಂದು ಕೇಳಿ. ಉತ್ತರ ಕನ್ನಡದಲ್ಲೇ ಬರಬೇಕು. ನಮ್ಮ ಮಕ್ಕಳ ಕನ್ನಡ ಮೊದಲು ಸೋರುವುದು ಅಂಕಿಯಲ್ಲಿ. ಹನ್ನೊಂದು, ಹದಿನೇಳು, ಹತ್ತೊಂಬತ್ತು ಎಂಬವು ಹೀಗೆ ದಿನಾ ಬಳಕೆಯಾದರೆ ಮಾತ್ರ ಉಳಿಯುತ್ತವೆ.

ಹೆಣ್ಣುಮಕ್ಕಳನ್ನು ಮರೆಯಬೇಡಿ

ಅಮೆರಿಕದಲ್ಲಿ ಕೆವಿನ್ ಕ್ರೌಲಿ ಮತ್ತು ಸಂಗಡಿಗರು ಮಕ್ಕಳ ಸಂಗ್ರಹಾಲಯವೊಂದರಲ್ಲಿ ಕುಟುಂಬಗಳ ಮಾತುಕತೆಯನ್ನು ದಾಖಲಿಸಿ 2001ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅಪ್ಪ ಅಮ್ಮಂದಿರು ಗಂಡುಮಕ್ಕಳ ಜೊತೆಗೂ ಹೆಣ್ಣುಮಕ್ಕಳ ಜೊತೆಗೂ ಮಾತಾಡುತ್ತಿದ್ದರು. ಆದರೆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸುವುದು ಗಂಡುಮಕ್ಕಳಿಗೆ ಮೂರು ಪಟ್ಟು ಹೆಚ್ಚಿತ್ತು. ಮಕ್ಕಳು ಇನ್ನೂ ಎಂಟು ವರ್ಷ ದಾಟದವರು. ನಮ್ಮ ಮನೆಗಳಲ್ಲಿ ಇದಕ್ಕೆ ಎರಡು ನಷ್ಟ: ಮಗಳಿಗೆ ಯಂತ್ರವೂ ತಪ್ಪಿತು, ಕಾರಣ ಹೇಳುವ ಕನ್ನಡವೂ ತಪ್ಪಿತು. ಬಾನೆಟ್ ಎತ್ತಿದಾಗ ಮಗನನ್ನು ಮಾತ್ರ ಕೂಗಬೇಡಿ.

ಬಿಚ್ಚಬಾರದ್ದು

ಮೈಕ್ರೋವೇವ್ ಒಲೆ ಮತ್ತು ಹಳೇ ಡಬ್ಬಿ ಟಿವಿಯನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅವುಗಳೊಳಗೆ ಪ್ರಾಣ ತೆಗೆಯುವಷ್ಟು ವಿದ್ಯುತ್ ನಿಂತಿರಬಹುದು. ಉಬ್ಬಿದ ಫೋನ್ ಬ್ಯಾಟರಿಯನ್ನು ಚುಚ್ಚಬಾರದು. ಗುಂಡಿಯಂಥ ಸಣ್ಣ ಬ್ಯಾಟರಿಯನ್ನು ಮಗು ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಟ್ಟುಹೋಗಬಹುದು. ಅನುಮಾನ ಬಂದರೂ ಸಾಕು, ಆ ಕ್ಷಣವೇ ಆಸ್ಪತ್ರೆಗೆ ಓಡಿ. ಜಾಕ್ ಹಾಕಿ ಎತ್ತಿದ ಕಾರಿನ ಹತ್ತಿರ ಮಕ್ಕಳು ಸುಳಿಯಬಾರದು. ಗೋಡೆಯ ಕರೆಂಟಿನಿಂದ ಓಡುವ ಯಾವುದನ್ನೂ ಮಕ್ಕಳ ಕೈಗೆ ಕೊಡುವುದು ಬೇಡ. ಟಾರ್ಚು, ಕೈಗಡಿಯಾರ, ಸೆಲ್ಲು ತೆಗೆದ ಆಟಿಕೆ, ಕೀಬೋರ್ಡು, ಸೈಕಲ್ಲು ಇವಿಷ್ಟೇ ವರ್ಷಗಟ್ಟಲೆ ಸಾಕು.

ರಿಪೇರಿ ಆಗದಿದ್ದರೆ ಬೇಜಾರು ಬೇಡ. ಇಲ್ಲಿ ಹೊಸ ವಿದ್ಯುತ್ ಸಾಮಾನು ಕೊಳ್ಳುವಾಗ ಅದೇ ಬಗೆಯ ಹಳೆಯದನ್ನು ಅಂಗಡಿಯವರು ಪುಕ್ಕಟೆ ವಾಪಸು ತೆಗೆದುಕೊಳ್ಳಬೇಕೆಂಬ ನಿಯಮವಿದೆ. ನಮ್ಮ ಕಡೆಯವರು ಬ್ಯಾಲಿಮೌಂಟ್ ಮರುಬಳಕೆ ಕೇಂದ್ರಕ್ಕೂ ಒಯ್ದು ಕೊಡಬಹುದು. ಅಲ್ಲಿಗೆ ಹಾಕುವ ಮುಂಚೆ ಮಗುವನ್ನು ಒಂದೇ ಮಾತು ಕೇಳಿ: ಇದು ಯಾಕೆ ಕೆಟ್ಟಿತು? ಸರಿಯೋ ತಪ್ಪೋ, ಕನ್ನಡದಲ್ಲಿ ಒಂದು ಕಾರಣ ಹೇಳಲಿ. ಇಂಗ್ಲಿಷಿನಲ್ಲಿ ಹೇಳಿದರೆ ಬೈಯಬೇಡಿ. ಅದನ್ನೇ ನೀವು ಕನ್ನಡದಲ್ಲಿ ಹೇಳಿ, ಮುಂದಿನ ಪ್ರಶ್ನೆ ಕೇಳಿ. ಊರಿನಲ್ಲಿ ತಾತ ಅಜ್ಜಿ ಎದ್ದಿರುವ ಹೊತ್ತಾದರೆ ಫೋನ್ ಹಚ್ಚಿ ಅವರ ಮುಂದೆಯೇ ಹೇಳಿಸಿ. ಎರಡು ನಿಮಿಷದಲ್ಲಿ ಮುಗಿಯುವ ಮಾತಲ್ಲ ಅದು.