ಜೆಟ್ಟಿನಲ್ಲಿ ಕಚ್ರಾ: ಮನೆಯಲ್ಲೇ ಕಾರ್ಬೊರೇಟರ್ ಶುಚಿ ಮಾಡುವುದು

ಚೋಕ್ ಎಳೆದಿದ್ದರೆ ಮಾತ್ರ ಗಾಡಿ ಓಡುತ್ತೆ, ಚೋಕ್ ಬಿಟ್ಟ ಕೂಡಲೇ ಆಫ್. ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ಸದ್ದಡಗುತ್ತೆ. ಈ ದೂರು ಹಿಡಿದು ಕರ್ನಾಟಕದ ಯಾವ ಊರಿನ ಗ್ಯಾರೇಜಿಗೆ ಹೋದರೂ ಉಸ್ತಾದ್ ಕೈಯಲ್ಲಿದ್ದ ಕೆಲಸದಿಂದ ತಲೆ ಎತ್ತದೆಯೇ ಹೇಳಿಬಿಡುತ್ತಾರೆ: "ಕಾರ್ಬೊರೇಟರ್‌ನಲ್ಲಿ ಕಚ್ರಾ ಬಂದಿದೆ." ಕಸಕ್ಕೆ ಕಚ್ರಾ, ಸ್ಪ್ಯಾನರ್‌ಗೆ ಪಾನಾ, ಸ್ಕ್ರೂಡ್ರೈವರ್‌ಗೆ ಪೇಚ್‌ಕಸ್. ನಮ್ಮ ಗ್ಯಾರೇಜುಗಳ ಕನ್ನಡವೇ ಹಾಗೆ, ಅರ್ಧ ದಖನಿ. ಕೊಚ್ಚಿಯ ಪಕ್ಕದ ಏಲೂರಿನಲ್ಲಿ ಇದೇ ದೂರು ಹೇಳಿದರೆ ಅಲ್ಲಿನ ಮೆಕ್ಯಾನಿಕ್ "ಕರಡ್" ಅಂತಾನೆ. ನಮಗೆ ಕರಡು ಅಂದರೆ ಇನ್ನೂ ತಿದ್ದಬೇಕಾದ ಬರಹ. ಮಲಯಾಳದಲ್ಲಿ ಅದು ಕಣ್ಣಿಗೆ ಬೀಳುವ ಕಸದ ಕಣ. ಕಾರ್ಬೊರೇಟರ್ ವಿಷಯದಲ್ಲಿ ಮಲಯಾಳದ ಪದವೇ ಹೆಚ್ಚು ನಿಖರ ಅನಿಸುತ್ತೆ, ಯಾಕಂದ್ರೆ ಇಲ್ಲಿ ತೊಂದರೆ ಕೊಡುವುದು ಒಂದು ಕಣವೇ.

ಕಣ ಸಣ್ಣದು, ಆದರೆ ಬೆಳಗಿನ ಜಾವ ಬೈಕಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಹೊರಡುವವನಿಗೆ ಅದು ಒಂದು ದಿನದ ಸಂಪಾದನೆ. ಪಕ್ಕದ ಊರಿನ ಮದ್ರಸಾಕ್ಕೆ ಪಾಠ ಹೇಳಲು ಹೋಗುವವರಿಗೂ ಅಷ್ಟೇ. "ಕಾರ್ಬೊರೇಟರ್ ಹೋಗಿದೆ, ಹೊಸದು ಹಾಕಿಬಿಡಿ" ಅನ್ನೋ ಸಲಹೆ ಈಗ ಸುಲಭವಾಗಿ ಸಿಗುತ್ತೆ. ನನ್ನ ಮಟ್ಟಿಗೆ ಹತ್ತರಲ್ಲಿ ಎಂಟು ಸಲ ಆ ಸಲಹೆ ಬೇಕಾಗಿಲ್ಲ. ಒಂದು ಭಾನುವಾರದ ಎರಡು ಗಂಟೆ, ನಾಲ್ಕು ಸಾಮಾನು, ಸ್ವಲ್ಪ ತಾಳ್ಮೆ ಇದ್ದರೆ ಮನೆಯಂಗಳದಲ್ಲೇ ಮುಗಿಯುವ ಕೆಲಸ ಇದು.

ಮೊದಲು ಕಸ ಬರುವುದು ಎಲ್ಲಿಂದ ಅಂತ ನೋಡೋಣ. ಏಲೂರನ್ನೇ ತಗೊಳ್ಳಿ. ಪೆರಿಯಾರ್ ನದಿಯ ಕವಲುಗಳ ನಡುವಿನ ದ್ವೀಪ ಅದು. 1940ರ ದಶಕದಲ್ಲಿ ಫ್ಯಾಕ್ಟ್ ಗೊಬ್ಬರದ ಕಾರ್ಖಾನೆ ಬಂದ ಮೇಲೆ ಉದ್ಯೋಗಮಂಡಲ್ ಅಂತ ಹೆಸರಾದ ಕೈಗಾರಿಕಾ ಪ್ರದೇಶ ಇದೇ. 2018ರ ಆಗಸ್ಟ್‌ನಲ್ಲಿ ಪೆರಿಯಾರ್ ಉಕ್ಕಿದಾಗ ಹತ್ತಿರದ ನೆಡುಂಬಾಶ್ಶೇರಿ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿತ್ತು, ಇನ್ನು ಏಲೂರಿನ ಅಂಗಳಗಳಲ್ಲಿ ನಿಂತಿದ್ದ ಬೈಕುಗಳ ಕಥೆ ಕೇಳಬೇಕಾ? ನೀರು ಇಳಿದ ಮೇಲೆ ಟ್ಯಾಂಕಿನಲ್ಲಿ ನೀರು, ಏರ್ ಫಿಲ್ಟರ್‌ನಲ್ಲಿ ಕೆಸರು, ಕಾರ್ಬೊರೇಟರ್‌ನಲ್ಲಿ ನಯವಾದ ಹೂಳು. ನೆರೆ ಬರದ ವರ್ಷವೂ ಆ ಕರಾವಳಿಯ ಗಾಳಿಯಲ್ಲಿ ತೇವ ಇದ್ದೇ ಇರುತ್ತೆ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ಆ ತೇವ ಹನಿಗಟ್ಟಿ ಕೆಳಗಿಳಿದು, ತಳದಲ್ಲಿ ತುಕ್ಕು ಹಿಡಿಸುತ್ತೆ. ಮಂಗಳೂರು, ಉಳ್ಳಾಲ, ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಾರಣವೂ ನಮ್ಮ ಮನೆಗಳಿಗೆ ಪರಿಚಿತ. ಮಗ ಗಲ್ಫ್‌ಗೆ ಹೋದ ಮೇಲೆ ಎರಡು ವರ್ಷ ಶೆಡ್ಡಿನಲ್ಲಿ ನಿಂತೇ ಇರುವ ಬೈಕು. ಪೆಟ್ರೋಲ್ ಒಂದೇ ದ್ರವ ಅಲ್ಲ, ಬೇರೆ ಬೇರೆ ವೇಗದಲ್ಲಿ ಆರುವ ಹಲವು ದ್ರವಗಳ ಮಿಶ್ರಣ. ಹಗುರವಾದದ್ದು ಮೊದಲು ಹಾರಿಹೋಗುತ್ತೆ, ಉಳಿದದ್ದು ಗಾಳಿ ಸೇರಿ ಕಂದು ಬಣ್ಣದ ಅಂಟಾಗುತ್ತೆ. ಹಳೆ ವಾರ್ನಿಶ್ ಡಬ್ಬಿ ತೆಗೆದಾಗ ಬರುವ ವಾಸನೆಯೇ ಆ ಕಾರ್ಬೊರೇಟರ್‌ನಿಂದಲೂ ಬರುತ್ತೆ.

ಈಗ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇದೆ. ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥನಾಲ್ ನೀರಿನ ಗೆಳೆಯ. ಸ್ವಲ್ಪ ತೇವ ಇದ್ದರೆ ತನ್ನೊಳಗೆ ಸೇರಿಸಿಕೊಂಡು ಸುಮ್ಮನಿರುತ್ತೆ. ಶೇಕಡಾ 10 ಎಥನಾಲ್ ಇರುವ ಪೆಟ್ರೋಲ್ ಲೀಟರಿಗೆ ಸುಮಾರು ಒಂದು ಟೀ ಚಮಚ ನೀರನ್ನು ಹೀಗೆ ಹಿಡಿದಿಟ್ಟುಕೊಳ್ಳುತ್ತೆ, ಇ20 ಅದಕ್ಕಿಂತ ಹೆಚ್ಚು. ಮಿತಿ ದಾಟಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿದು ಕೂರುತ್ತೆ. ಟ್ಯಾಂಕಿನಿಂದ ಇಂಧನ ಹೋಗುವುದೂ ತಳದಿಂದಲೇ, ಅಲ್ವಾ? ಕಾರ್ಬೊರೇಟರ್‌ನ ಒಳಗೆ ಬಿಳಿ ಪುಡಿ ಕಂಡರೆ ಈ ನೀರು ಲೋಹವನ್ನು ತಿಂದ ಗುರುತು ಅದು.

ಇಷ್ಟೆಲ್ಲ ಕಸ ಬಂದು ಸಿಕ್ಕಿಕೊಳ್ಳುವುದು ಜೆಟ್‌ನಲ್ಲಿ. ಕಾರ್ಬೊರೇಟರ್‌ನ ಕೆಳಗಿನ ಬಟ್ಟಲಿನಲ್ಲಿ ಪೆಟ್ರೋಲ್ ನಿಂತಿರುತ್ತೆ. ಎಷ್ಟು ಮಟ್ಟಕ್ಕೆ ನಿಲ್ಲಬೇಕು ಅಂತ ಫ್ಲೋಟ್ ನೋಡಿಕೊಳ್ಳುತ್ತೆ, ನಮ್ಮ ನೀರಿನ ತೊಟ್ಟಿಯ ಬಾಲ್‌ಕಾಕ್ ಥರ. ಮೇಲಿನ ಕಿರಿದಾದ ಕೊಳವೆಯಲ್ಲಿ ಗಾಳಿ ವೇಗವಾಗಿ ನುಗ್ಗುವಾಗ ಅಲ್ಲಿ ಒತ್ತಡ ಕಡಿಮೆಯಾಗಿ, ಬಟ್ಟಲಿನ ಪೆಟ್ರೋಲ್ ಹಿತ್ತಾಳೆಯ ಸಣ್ಣ ತೂತುಗಳ ಮೂಲಕ ಮೇಲಕ್ಕೆ ಎಳೆಯಲ್ಪಡುತ್ತೆ. ಆ ತೂತಿನ ಹಿತ್ತಾಳೆ ತುಂಡೇ ಜೆಟ್. ಪಿಯುಸಿಯಲ್ಲಿ ಬರ್ನೌಲಿ ತತ್ವ ಅಂತ ಬಾಯಿಪಾಠ ಮಾಡಿಸುವುದು ಇದನ್ನೇ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಗ್ಯಾರೇಜ್ ಸೇರಿದ ಹುಡುಗನಿಗೆ ಬರ್ನೌಲಿ ಯಾರು ಅಂತ ಗೊತ್ತಿರಲ್ಲ, ತತ್ವ ಬೆರಳ ತುದಿಯಲ್ಲಿ ಇರುತ್ತೆ.

ಮುಖ್ಯವಾಗಿ ಎರಡು ಜೆಟ್. ಪೈಲಟ್ ಜೆಟ್ ಸ್ಲೋದಲ್ಲಿ ನಿಂತಾಗಲೂ ಆಕ್ಸಿಲೇಟರ್ ಸ್ವಲ್ಪವೇ ತಿರುಗಿಸಿದಾಗಲೂ ಕೆಲಸ ಮಾಡುತ್ತೆ. ಮೇನ್ ಜೆಟ್‌ನ ಕೆಲಸ ಪೂರ್ತಿ ಆಕ್ಸಿಲೇಟರ್‌ನಲ್ಲಿ. ಕೈಹಿನ್ ಕಂಪನಿಯ ಜೆಟ್ ಮೇಲಿನ ನಂಬರ್ ಮಿಲಿಮೀಟರಿನ ನೂರನೇ ಭಾಗದ ಲೆಕ್ಕ. 38 ಅಂತಿದ್ದರೆ ತೂತಿನ ಅಗಲ 0.38 ಮಿ.ಮೀ., ಅಂದರೆ ಐದಾರು ತಲೆಗೂದಲು ಒಟ್ಟಿಗೆ ಇಟ್ಟಷ್ಟು. ಮೇನ್ ಜೆಟ್ 90 ಇದೆ ಅಂದುಕೊಳ್ಳಿ. ಎರಡರ ಒಳಗೂ ಸುತ್ತ 0.03 ಮಿ.ಮೀ. ದಪ್ಪದ ಅಂಟು ಹಿಡಿಯಿತು. ಮೇನ್ ಜೆಟ್‌ನ ದಾರಿ ಶೇಕಡಾ 13ರಷ್ಟು ಕಿರಿದಾಗುತ್ತೆ, ಪೈಲಟ್ ಜೆಟ್‌ನದು ಶೇಕಡಾ 29ರಷ್ಟು. ಅದೇ ಕಸ, ಸಣ್ಣ ತೂತಿಗೆ ಎರಡರಷ್ಟು ಪೆಟ್ಟು. ಹಾಗಾಗಿ ಗಾಡಿ ಮೊದಲು ಕೈಕೊಡುವುದು ಸ್ಲೋದಲ್ಲಿ. ಚೋಕ್ ಎಳೆದಾಗ ಸರಿಹೋಗುವುದೂ ಇದಕ್ಕೇ. ಪೆಟ್ರೋಲ್ ಕಮ್ಮಿಯಾಗಿತ್ತು, ಚೋಕ್ ಅದನ್ನು ತುಂಬಿಕೊಟ್ಟಿತು. ಸ್ಲೋದಲ್ಲಿ ಚೆನ್ನಾಗಿ ನಿಂತು, ವೇಗದಲ್ಲಿ ಮಾತ್ರ ಎಳೆಯದೆ ಮಿಸ್ ಹೊಡೆದರೆ ಮೇನ್ ಜೆಟ್ ಅಥವಾ ಪೆಟ್ರೋಲ್ ಬರುವ ದಾರಿ ನೋಡಿ. ಚೋಕ್ ಹಾಕಿದರೆ ಇನ್ನೂ ಕೆಡುತ್ತೆ ಅಂದರೆ ತೊಂದರೆ ಬೇರೆ ಕಡೆ ಇದೆ, ಏರ್ ಫಿಲ್ಟರ್ ಮತ್ತು ಪ್ಲಗ್ ನೋಡದೆ ಕಾರ್ಬೊರೇಟರ್ ಬಿಚ್ಚಬೇಡಿ.

ಕೆಲಸ ಶುರು ಮಾಡುವುದು ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬಯಲಿನಲ್ಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಕ್ಕೆ ಅಂಟಿಕೊಂಡು ಹರಿದು ಅಡುಗೆಮನೆಯ ಒಲೆವರೆಗೂ ಹೋಗಬಲ್ಲದು. ಅಡುಗೆಮನೆ ಬಾಗಿಲಿನ ಹತ್ತಿರ, ಇನ್ವರ್ಟರ್ ಇಟ್ಟ ವರಾಂಡದಲ್ಲಿ, ಬೀಡಿ ಸೇದುವ ಅಜ್ಜ ಕೂತಲ್ಲಿ ಈ ಕೆಲಸ ಬೇಡ. ಬಿಚ್ಚುವ ಮೊದಲು ಎರಡು ಕಡೆಯಿಂದ ಮೊಬೈಲಿನಲ್ಲಿ ಫೋಟೋ ತೆಗೆದು, ಮೊಬೈಲನ್ನು ದೂರ ಇಡಿ.

ಪೆಟ್ರೋಲ್ ನಾಬ್ ಮುಚ್ಚಿ. ಬಟ್ಟಲಿನ ತಳದಲ್ಲಿ ಒಂದು ಡ್ರೈನ್ ಸ್ಕ್ರೂ ಇರುತ್ತೆ, ಅದನ್ನು ಸಡಿಲಿಸಿ ಒಳಗಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ, ಐದು ನಿಮಿಷ ಅಲುಗಿಸದೆ ಬಿಟ್ಟು ನೋಡಿ. ತಳದಲ್ಲಿ ಗಾಜಿನ ಮಣಿ ಥರ ಉರುಳುವ ಹನಿ ಇದ್ದರೆ ನೀರು, ಕೆಂಪು ಪುಡಿ ಇದ್ದರೆ ಟ್ಯಾಂಕಿನ ತುಕ್ಕು. ಬರೀ ಇಷ್ಟರಿಂದಲೇ ಗಾಡಿ ಸರಿಹೋಗುವುದುಂಟು, ಯಾಕಂದ್ರೆ ಒಂದು ಹನಿ ನೀರು ಸಾಕು ಪೈಲಟ್ ಜೆಟ್‌ನ ಬಾಯಿಗೆ ಮುಚ್ಚಳ ಹಾಕಲು. ಈ ಹೆಜ್ಜೆಯನ್ನು ಹಾರಿಸಿ ನೇರ ಪಾನಾ ಹಿಡಿಯುವವರೇ ಹೆಚ್ಚು.

ಸರಿಹೋಗದಿದ್ದರೆ ಕಾರ್ಬೊರೇಟರ್ ಇಳಿಸಬೇಕು. ಏರ್ ಫಿಲ್ಟರ್ ಕಡೆಯ ಕ್ಲಾಂಪ್, ಇಂಜಿನ್ ಕಡೆಯ ಎರಡು ನಟ್ಟು, ಮೇಲಿನ ಮುಚ್ಚಳ. ಮುಚ್ಚಳದ ಜೊತೆ ಆಕ್ಸಿಲೇಟರ್ ಕೇಬಲ್, ಸ್ಲೈಡ್, ಉದ್ದ ಸೂಜಿ ಹೊರಬರುತ್ತೆ. ಆ ಸೂಜಿ ಬಗ್ಗದ ಹಾಗೆ ಬಟ್ಟೆ ಸುತ್ತಿ ಪಕ್ಕಕ್ಕೆ ನೇತುಹಾಕಿ. ಪಲ್ಸರ್‌ನ ಹಲವು ಮಾದರಿಗಳಂತೆ ಮೇಲ್ಭಾಗದಲ್ಲಿ ರಬ್ಬರ್ ಪೊರೆ ಇರುವ ಕಾರ್ಬೊರೇಟರ್ ಆದರೆ ಮೇಲಿನ ಮುಚ್ಚಳ ಮುಟ್ಟಬೇಡಿ, ಕೆಳಗಿನ ಬಟ್ಟಲು ಮಾತ್ರ ಬಿಚ್ಚಿ. ಪೊರೆ ಹರಿದರೆ ಖರ್ಚು ಜಾಸ್ತಿ.

ಬಟ್ಟಲಿನ ಸ್ಕ್ರೂ ಬಿಚ್ಚಿದರೆ ಫ್ಲೋಟ್ ಕಾಣುತ್ತೆ. ಅದರ ಪಿನ್ ಮೆಲ್ಲಗೆ ತಳ್ಳಿ ತೆಗೆಯಿರಿ, ಜೊತೆಗೆ ಬರುವ ಮೊನಚಾದ ವಾಲ್ವ್ ಕಳೆಯಬೇಡಿ. ನಡುವೆ ಎದ್ದು ಕಾಣುವುದು ಮೇನ್ ಜೆಟ್, ಪಕ್ಕದ ಬಾವಿಯಂಥ ಗುಂಡಿಯ ಒಳಗೆ ಪೈಲಟ್ ಜೆಟ್. ಇಲ್ಲಿ ಒಂದು ಮಾತು. ಹಿತ್ತಾಳೆ ಮೆತ್ತಗಿನ ಲೋಹ. ಜೆಟ್ ತಲೆಯ ಗೀರಿನಲ್ಲಿ ಪೂರ್ತಿ ಕೂರುವ ಸ್ಕ್ರೂಡ್ರೈವರೇ ಬೇಕು. ಸಣ್ಣದು ಹಾಕಿ ತಿರುಗಿಸಿದರೆ ಗೀರು ಕಿತ್ತುಹೋಗಿ ಜೆಟ್ ಅಲ್ಲೇ ಉಳಿಯುತ್ತೆ. ಕೆಲವು ಬೈಕುಗಳಲ್ಲಿ ಪೈಲಟ್ ಜೆಟ್ ಒತ್ತಿ ಕೂರಿಸಿದ್ದು, ಗೀರೇ ಇರಲ್ಲ. ಅದನ್ನು ಕೀಳುವ ಪ್ರಯತ್ನ ಬೇಡ, ಅಲ್ಲಿಯೇ ಸ್ಪ್ರೇ ಮಾಡಿ.

ತೆಗೆದ ಜೆಟ್ಟನ್ನು ಆಕಾಶದ ಬೆಳಕಿಗೆ ಹಿಡಿದು ನೋಡಿ. ಗುಂಡಗಿನ ಚುಕ್ಕಿ ಕಾಣಬೇಕು. ಸೊಟ್ಟ ಕಂಡರೆ, ಮಂಕಾಗಿ ಕಂಡರೆ ಕಸ ಇದೆ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇಯಲ್ಲಿ ಅರ್ಧ ಗಂಟೆ ನೆನೆಸಿಡಿ. ಇದು ಹಿತ್ತಾಳೆಯ ಜೆಟ್‌ಗೆ ಮಾತ್ರ. ರಬ್ಬರ್ ರಿಂಗು, ಪ್ಲಾಸ್ಟಿಕ್ ಫ್ಲೋಟ್ ಆ ದ್ರವದಲ್ಲಿ ಉಬ್ಬಿ ಹಾಳಾಗುತ್ತೆ. ಸ್ಪ್ರೇ ಮಾಡುವಾಗ ಕನ್ನಡಕ ಹಾಕಿಕೊಳ್ಳಿ, ಒಂದು ತೂತಿಗೆ ಬಿಟ್ಟದ್ದು ಇನ್ನೊಂದರಿಂದ ನೇರ ಕಣ್ಣಿಗೆ ಚಿಮ್ಮುತ್ತೆ.

ಆಮೇಲೂ ಕಸ ಹೋಗದಿದ್ದರೆ ಜನ ಹುಡುಕುವುದು ಹೊಲಿಗೆ ಸೂಜಿ ಅಥವಾ ಸೇಫ್ಟಿ ಪಿನ್. ಬೇಡವೇ ಬೇಡ. ಉಕ್ಕು ಹಿತ್ತಾಳೆಯನ್ನು ಕೆರೆಯುತ್ತೆ. 0.38 ಇದ್ದ ತೂತು 0.42 ಆದರೆ ಕಣ್ಣಿಗೆ ಗೊತ್ತೇ ಆಗಲ್ಲ, ಆದರೆ ದಾರಿ ಶೇಕಡಾ 22ರಷ್ಟು ದೊಡ್ಡದಾಯಿತು. ಅಂದಿನಿಂದ ಆ ಬೈಕು ಕಪ್ಪು ಹೊಗೆ ಬಿಡುತ್ತಾ, ಪ್ಲಗ್‌ಗೆ ಮಸಿ ಹಿಡಿಸುತ್ತಾ ಪೆಟ್ರೋಲ್ ಕುಡಿಯುತ್ತೆ. ಯಜಮಾನ "ವಯಸ್ಸಾಯ್ತು ಗಾಡಿಗೆ" ಅಂತ ಅಂದುಕೊಳ್ಳುತ್ತಾನೆ. ಬದಲಿಗೆ ನೈಲಾನ್ ಗಾಳದ ದಾರ ಬಳಸಿ. ಏಲೂರಿನಂಥ ನದಿ ದಂಡೆಯ ಊರಿನಲ್ಲಿ ಅದು ಮನೆಮನೆಯಲ್ಲೂ ಸಿಗುತ್ತೆ, ದಾರದ ದಪ್ಪವನ್ನು ರೀಲಿನ ಮೇಲೇ ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. 0.38ರ ಜೆಟ್‌ಗೆ 0.30ರ ದಾರ ಸರಿ. ಅದೂ ಇಲ್ಲದಿದ್ದರೆ ಹಳೆ ವಿದ್ಯುತ್ ವೈರಿನ ಒಂದು ತಾಮ್ರದ ಎಳೆ. ಅಂಗಡಿಯಲ್ಲಿ 23/76 ಅಂತ ಕೇಳುವ ವೈರಿನ ಎಳೆ ಸುಮಾರು 0.2 ಮಿ.ಮೀ. ಇರುತ್ತೆ. ತಳ್ಳಬೇಡಿ, ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಿ. ಜೆಟ್‌ನ ಪಕ್ಕದ ಸಣ್ಣ ತೂತುಗಳನ್ನೂ ಮರೆಯಬೇಡಿ. ಕೊನೆಗೆ ಸೈಕಲ್ ಪಂಪಿನಿಂದ ಗಾಳಿ. ಬಾಯಿಟ್ಟು ಊದುವ ಹಳೆ ಅಭ್ಯಾಸ ಬಿಡಿ, ಪೆಟ್ರೋಲ್ ಹೊಟ್ಟೆಗೂ ಶ್ವಾಸಕ್ಕೂ ವಿಷ.

ಜೆಟ್ ತೊಳೆದು ಕಾರ್ಬೊರೇಟರ್‌ನ ಮೈ ಬಿಟ್ಟರೆ ಅರ್ಧ ಕೆಲಸ. ಪಕ್ಕದಲ್ಲಿರುವ ಏರ್ ಸ್ಕ್ರೂವನ್ನು ಮೊದಲು ಒಳಗೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಮೆಲ್ಲಗೆ ಕೂತಿತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ, ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ. ಆಮೇಲೆ ತೆಗೆದು, ಆ ದಾರಿಗೂ ಪೈಲಟ್ ಜೆಟ್‌ನ ಗುಂಡಿಗೂ ಸ್ಪ್ರೇ ಬಿಡಿ. ಸ್ಲೈಡ್ ಕೂರುವ ಜಾಗದ ಹತ್ತಿರದ ಪುಟ್ಟ ತೂತಿನಿಂದ ಅದು ಹೊರಬಂದರೆ ದಾರಿ ತೆರೆದಿದೆ. ಜೋಡಿಸುವಾಗ ಜೆಟ್ಟನ್ನು ಬಿಗಿಯುವುದು ಬೆರಳಿನ ಬಲದಷ್ಟೇ. ಏರ್ ಸ್ಕ್ರೂ ಬರೆದಿಟ್ಟ ಸುತ್ತಿಗೆ. ನಾಬ್ ತೆರೆದು ಹತ್ತು ನಿಮಿಷ ಸೋರಿಕೆ ನೋಡಿ, ಓವರ್‌ಫ್ಲೋ ಪೈಪಿನಿಂದ ಹನಿದರೆ ಫ್ಲೋಟ್ ವಾಲ್ವ್ ಸರಿಯಾಗಿ ಕೂತಿಲ್ಲ. ಸ್ಲೋ ಸೆಟ್ ಮಾಡುವುದು ಒಂದೆರಡು ಕಿಲೋಮೀಟರ್ ಓಡಿಸಿ ಇಂಜಿನ್ ಬಿಸಿಯಾದ ಮೇಲೆ.

ನೆರೆಯಲ್ಲಿ ಮುಳುಗಿದ ಬೈಕಿಗೆ ಮಾತ್ರ ಈ ಕ್ರಮ ಸಾಲದು. ನೀರು ಇಳಿದ ಖುಷಿಯಲ್ಲಿ ಕಿಕ್ ಹೊಡೆಯಲೇಬೇಡಿ. ಸಿಲಿಂಡರ್‌ನಲ್ಲಿ ನೀರು ಇದ್ದರೆ ಅದು ಒತ್ತಡಕ್ಕೆ ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಮೊದಲು ಪ್ಲಗ್ ತೆಗೆದು, ಆಯಿಲ್ ಇಳಿಸಿ, ಅದು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಬದಲಿಸಿ, ಟ್ಯಾಂಕ್ ಖಾಲಿ ಮಾಡಿ ಒಣಗಿಸಿ. ಕಾರ್ಬೊರೇಟರ್ ಸರದಿ ಅದಾದ ಮೇಲೆ.

ಇಳಿಸಿದ ಕೊಳಕು ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ. 2024ರ ಮೇ ತಿಂಗಳಲ್ಲಿ ಏಲೂರಿನ ಬಳಿ ಪೆರಿಯಾರ್‌ನಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದ್ದನ್ನು ದೇಶವೇ ನೋಡಿತು. ಆ ನದಿಗೆ ಕಾರ್ಖಾನೆಗಳ ಕಾಟವೇ ಸಾಕಾಗಿದೆ, ಮನೆಯಿಂದಲೂ ಒಂದು ಬಾಟಲಿ ಯಾಕೆ? ಹಳೆ ಆಯಿಲ್ ಕೂಡಿಡುವ ಗ್ಯಾರೇಜಿಗೆ ಕೊಡಿ. ಕುಡಿಯುವ ನೀರಿನ ಬಾಟಲಿಯಲ್ಲಂತೂ ಒಂದು ಗಳಿಗೆಯೂ ಇಡಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.

2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದು ಬಹುತೇಕ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂತು. ಈಗ ಕೆಲಸ ಕಲಿಯಲು ಬರುವ ಹುಡುಗರು ಸ್ಕ್ಯಾನರ್ ಹಿಡಿಯುತ್ತಾರೆ, ಜೆಟ್ಟನ್ನು ಬೆಳಕಿಗೆ ಹಿಡಿದು ನೋಡುವ ಉಸ್ತಾದರು ಕಮ್ಮಿಯಾಗುತ್ತಿದ್ದಾರೆ. ಆದರೆ ಆ ಮಾರ್ಚ್‌ನಲ್ಲಿ ಮಾರಾಟವಾದ ಕಾರ್ಬೊರೇಟರ್ ಬೈಕಿನ 15 ವರ್ಷದ ನೋಂದಣಿ ಮುಗಿಯುವುದೇ 2035ಕ್ಕೆ. ಅಲ್ಲಿಯವರೆಗೆ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರ ಪಾಲಿಗೆ ಬರುವುದು ಇವೇ.

ಗಲ್ಫ್‌ಗೆ ಹೊರಟವರು, ರಜೆಗೆ ದೂರದ ಊರಿಗೆ ಹೋಗುವವರು ಬೈಕನ್ನು ಶೆಡ್ಡಿಗೆ ಸೇರಿಸುವ ಮುನ್ನ ಪೆಟ್ರೋಲ್ ನಾಬ್ ಮುಚ್ಚಿ, ಬಟ್ಟಲು ಖಾಲಿಯಾಗಿ ಇಂಜಿನ್ ತಾನಾಗಿಯೇ ನಿಲ್ಲುವವರೆಗೆ ಬಯಲಿನಲ್ಲಿ ಓಡಲು ಬಿಡಿ. ತಳದಲ್ಲಿ ಉಳಿದದ್ದನ್ನು ಡ್ರೈನ್ ಸ್ಕ್ರೂನಿಂದ ಇಳಿಸಿ, ಸ್ಕ್ರೂ ಮತ್ತೆ ಬಿಗಿ ಮಾಡಿ.