ಹೋಟೆಲ್ ಸಾಮಾನು ಲಾರಿಯಲ್ಲಿ, ಕಾರು ಹಿಂದೆ: ಹೈದರಾಬಾದ್‌ನಿಂದ ಬೆಂಗಳೂರಿಗೆ ನಮ್ಮ ಅನುಭವ



ಹೊಸ ಹೋಟೆಲ್ ತೆರೆಯುವುದು ಕಷ್ಟ ಎಂದು ಎಲ್ಲರಿಗೂ ಗೊತ್ತು. ಆದರೆ ನಡೆಯುತ್ತಿದ್ದ ಹೋಟೆಲನ್ನು ಬಿಚ್ಚಿ, ಕಟ್ಟಿ, ಇನ್ನೊಂದು ರಾಜ್ಯಕ್ಕೆ ಒಯ್ದು ಮತ್ತೆ ಒಲೆ ಹಚ್ಚುವುದು ಅದಕ್ಕಿಂತ ಕಷ್ಟ. ಹೈದರಾಬಾದ್‌ನಲ್ಲಿ ನಮ್ಮ ಕುಟುಂಬದ ಎರಡು ಹೋಟೆಲುಗಳಿದ್ದವು. ಅದರಲ್ಲಿ ಒಂದರ ಲೀಸ್ ಮುಗಿಯಿತು, ಕಟ್ಟಡದ ಮಾಲೀಕರು ಮುಂದುವರಿಸಲಿಲ್ಲ. 2024ರ ಡಿಸೆಂಬರ್‌ನಲ್ಲಿ ಅದರ ಸಾಮಾನನ್ನೆಲ್ಲಾ ಬೆಂಗಳೂರಿಗೆ ಸಾಗಿಸಿದೆವು. ಅಲ್ಲಿ ಅಡ್ವಾನ್ಸ್ ಕೊಟ್ಟಾಗಿತ್ತು, ಬಾಡಿಗೆ ಓಡುತ್ತಿತ್ತು, ಗಣಹೋಮದ ದಿನ ಗೊತ್ತಾಗಿತ್ತು, 11 ಮಂದಿ ಕೆಲಸದವರ ಸಂಬಳವೂ ನಡೆಯುತ್ತಿತ್ತು. ಲಾರಿ ನಾಲ್ಕು ದಿನ ತಡವಾದರೂ ನಷ್ಟ ನಮ್ಮದೇ. ಈಚೆಗೆ ಹಲವು ಸದಸ್ಯರು ಫೋನ್ ಮಾಡಿ ಇದೇ ವಿಷಯ ಕೇಳುತ್ತಿದ್ದಾರೆ. ಎಲ್ಲರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಲಾರಿಯನ್ನು ನಾವೇ ಓಡಿಸಬಹುದೇ?

ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ ಹೇಳಿದ್ದು ಇದು. ಅಲ್ಲಿ ಮನೆ ಬದಲಿಸುವವರು ಲಾರಿಯನ್ನು ಬಾಡಿಗೆಗೆ ತಂದು ತಾವೇ ಓಡಿಸಿಕೊಂಡು ಹೋಗುತ್ತಾರೆ. 1945ರಲ್ಲಿ ಶುರುವಾದ ಯು-ಹಾಲ್ ಎಂಬ ಕಂಪನಿ ಇದರಲ್ಲಿ ಹೆಸರುವಾಸಿ. ಅವರಲ್ಲಿ 26 ಅಡಿ ಉದ್ದದ ಲಾರಿಯವರೆಗೆ ಸಿಗುತ್ತದೆ. ಲಾರಿಯ ಹಿಂದೆ ಎರಡು ಚಕ್ರದ ಒಂದು ಚಿಕ್ಕ ಟ್ರೇಲರ್ ಕಟ್ಟಿ, ಕಾರಿನ ಮುಂದಿನ ಚಕ್ರಗಳನ್ನು ಅದರ ಮೇಲೆ ಹತ್ತಿಸುತ್ತಾರೆ, ಹಿಂದಿನ ಚಕ್ರ ರಸ್ತೆಯ ಮೇಲೆ ಉರುಳುತ್ತಾ ಬರುತ್ತದೆ. ನಾಲ್ಕೂ ಚಕ್ರ ಮೇಲೆ ಹತ್ತುವ ದೊಡ್ಡ ಟ್ರೇಲರ್ ಕೂಡ ಇದೆ. ಕಾರು ಕಟ್ಟಿಕೊಂಡಾಗ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ. ಮೀರಬಾರದು ಎಂದು ಕಂಪನಿಯೇ ಹೇಳುತ್ತದೆ. ಚಿಕ್ಕ ಟ್ರೇಲರ್ ಕಟ್ಟಿದಾಗ ರಿವರ್ಸ್ ತೆಗೆಯುವ ಹಾಗಿಲ್ಲ, ಆದ್ದರಿಂದ ಪೆಟ್ರೋಲ್ ಬಂಕಿಗೆ ಹೋದರೂ ನೇರ ಹೊರಬರುವ ದಾರಿ ನೋಡಿಕೊಂಡೇ ಒಳಗೆ ಹೋಗಬೇಕು.

ನಮ್ಮ ದೇಶದಲ್ಲಿ ಆ ಪದ್ಧತಿ ಇಲ್ಲ. ಇಲ್ಲಿ ಲಾರಿ ಬಾಡಿಗೆ ಎಂದರೆ ಡ್ರೈವರ್, ಕ್ಲೀನರ್ ಸಮೇತ. ನಿಮ್ಮದೇ ಸ್ವಂತ ಗೂಡ್ಸ್ ಗಾಡಿ ಇದ್ದರೆ ಮಾತ್ರ ನೀವು ಓಡಿಸುವ ಪ್ರಶ್ನೆ ಬರುತ್ತದೆ. ಈ ಬಗ್ಗೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸ್ ಇದ್ದವರು, ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದು. ಒಟ್ಟು ತೂಕ ಎಂದರೆ ಗಾಡಿ ಮತ್ತು ಸರಕು ಎರಡೂ ಸೇರಿ, ಆರ್‌ಸಿ ಪುಸ್ತಕದಲ್ಲಿ ಬರೆದಿರುತ್ತದೆ. ಅದಕ್ಕಿಂತ ದೊಡ್ಡ ಗಾಡಿಗೆ ಹೆವಿ ಲೈಸೆನ್ಸ್ ಬೇಕೇ ಬೇಕು.

ಕಾರನ್ನು ಲಾರಿ ಹಿಂದೆ ಕಟ್ಟಬಹುದೇ?

"ಒಬ್ಬ ಡ್ರೈವರ್ ಖರ್ಚು ಉಳಿಯುತ್ತದಲ್ಲ" ಎಂದು ನಮಗೂ ಒಬ್ಬರು ಸಲಹೆ ಕೊಟ್ಟರು. ಹಾಗೆ ಮಾಡಬೇಡಿ. ನಮ್ಮ ರಸ್ತೆ ನಿಯಮದಲ್ಲಿ ಕೆಟ್ಟುನಿಂತ ವಾಹನವನ್ನು ಹತ್ತಿರದ ಗ್ಯಾರೇಜಿಗೆ ಎಳೆದೊಯ್ಯುವುದಕ್ಕೆ ಮಾತ್ರ ಅವಕಾಶ. ಅದಕ್ಕೂ ಎರಡು ವಾಹನಗಳ ನಡುವೆ 5 ಮೀಟರ್‌ಗಿಂತ ಹೆಚ್ಚು ಅಂತರ ಇರಬಾರದು, ಎಳೆಯಲಾಗುತ್ತಿದೆ ಎಂಬ ಬೋರ್ಡ್ ಇರಬೇಕು, ವೇಗಕ್ಕೂ ಮಿತಿ ಇದೆ. ಚೆನ್ನಾಗಿ ಓಡುವ ಕಾರನ್ನು 570 ಕಿ.ಮೀ. ಹಗ್ಗ ಕಟ್ಟಿ ಎಳೆಯುವುದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ. ಏನಾದರೂ ಆದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ.

ಉಳಿದ ದಾರಿ ಎರಡೇ. ಕಾರು ಸಾಗಿಸುವ ಕ್ಯಾರಿಯರ್ ಗಾಡಿಗೆ ಕೊಡುವುದು, ಅಥವಾ ಮನೆಯವರೊಬ್ಬರು ಓಡಿಸಿಕೊಂಡು ಬರುವುದು. ನಮ್ಮ ಮಗ ಕಾರನ್ನು ಲಾರಿಯ ಹಿಂದೆಯೇ ಓಡಿಸಿಕೊಂಡು ಬಂದ. ಇದರಿಂದ ಲಾರಿಯ ಮೇಲೆ ನಮ್ಮ ಕಣ್ಣೂ ಇತ್ತು. ಕ್ಯಾರಿಯರ್‌ಗೆ ಕೊಡುವುದಾದರೆ ಹತ್ತಿಸುವ ಮುಂಚೆ ನಾಲ್ಕು ಕಡೆಯಿಂದ ಫೋಟೋ, ಕಿಲೋಮೀಟರ್ ರೀಡಿಂಗ್‌ನ ಫೋಟೋ ತೆಗೆದಿಡಿ.

ಕಾರು ಹೊಸ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇರುವುದಾದರೆ ಅಲ್ಲಿ ಮರುನೋಂದಣಿ ಆಗಬೇಕು. ಹೊರಡುವ ಮುಂಚೆಯೇ ಹೈದರಾಬಾದ್‌ನ ಆರ್‌ಟಿಒದಿಂದ ಎನ್‌ಒಸಿ ತೆಗೆದುಕೊಂಡರೆ ಮತ್ತೆ ಅಲೆದಾಟ ತಪ್ಪುತ್ತದೆ. ನಿಮ್ಮ ನಂಬರ್ ಪ್ಲೇಟಿನಲ್ಲಿ ಎಪಿ ಇರಲಿ, ಟಿಎಸ್ ಇರಲಿ, 2024ರ ಮಾರ್ಚ್‌ನಿಂದ ಬಂದ ಟಿಜಿ ಇರಲಿ, ನಿಯಮ ಒಂದೇ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಕಟ್ಟಿದ ಮೇಲೆ, ಹಳೆಯ ರಾಜ್ಯದಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯ ಹಣ ವಾಪಸು ಕೇಳಿ ಅರ್ಜಿ ಹಾಕಬಹುದು.

ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು

ಎಲ್ಲಾ ಒಯ್ಯುತ್ತೇವೆ ಎಂದು ಹೊರಟರೆ ಬಾಡಿಗೆಯೇ ಮೈಮೇಲೆ ಬರುತ್ತದೆ. ಹೊಗೆ ಎಳೆಯುವ ಹುಡ್, ಡಕ್ಟ್ ಇವನ್ನು ಹಳೆಯ ಅಡುಗೆಮನೆಯ ಅಳತೆಗೆ ಮಾಡಿಸಿರುತ್ತೇವೆ, ಹೊಸ ಜಾಗಕ್ಕೆ ಕೂರುವುದಿಲ್ಲ. ಅವನ್ನು ಅಲ್ಲೇ ಗುಜರಿಗೆ ಕೊಟ್ಟೆವು. ಗ್ರೈಂಡರ್, ಇಡ್ಲಿ ಸ್ಟೀಮರ್, ಡೀಪ್ ಫ್ರೀಜರ್, ಸ್ಟೀಲ್ ಟೇಬಲ್, ದೊಡ್ಡ ಪಾತ್ರೆ ಇವುಗಳನ್ನು ಒಯ್ದೆವು.

ದೋಸೆ ಕಾವಲಿಯನ್ನು ಬಿಟ್ಟು ಹೊಸದು ಮಾಡಿಸೋಣ ಎಂದಿದ್ದೆವು, ಅದು ಅಷ್ಟು ಭಾರ. ನಮ್ಮ ಭಟ್ಟರು ಒಪ್ಪಲಿಲ್ಲ. "ಹೊಸ ಕಾವಲಿ ಪಳಗುವವರೆಗೆ ದೋಸೆ ಏಳುವುದಿಲ್ಲ ಮಾರಾಯ್ರೆ. ಮೊದಲ ದಿನವೇ ಗಿರಾಕಿಗೆ ಹರಿದ ದೋಸೆ ಕೊಡ್ತೀರಾ?" ಎಂದರು. ಅವರ ಮಾತು ಸರಿ. ಕಾವಲಿಗೆ ಎಣ್ಣೆ ಸವರಿ, ಗೋಣಿ ಸುತ್ತಿ, ಲಾರಿಯ ಪಕ್ಕಕ್ಕೆ ನಿಲ್ಲಿಸಿ ಕಟ್ಟಿದೆವು. ತುಕ್ಕು ಹಿಡಿಯಲಿಲ್ಲ. ಬೆಂಗಳೂರಿನಲ್ಲಿ ಮೊದಲ ದಿನದಿಂದಲೇ ದೋಸೆ ಸರಿಯಾಗಿ ಎದ್ದಿತು.

ಕಟ್ಟುವಾಗ ಗಮನಿಸಬೇಕಾದ್ದು:

1. ಗ್ರೈಂಡರಿನ ಕಲ್ಲನ್ನು ತೆಗೆದು ಬೇರೆ ಗೋಣಿಯಲ್ಲಿ ಸುತ್ತಿಡಿ. ಒಳಗೇ ಬಿಟ್ಟರೆ ರಸ್ತೆಯ ಕುಲುಕಾಟಕ್ಕೆ ಡ್ರಮ್ ಹಾಳಾಗುತ್ತದೆ.

2. ಫ್ರೀಜರ್ ಮಲಗಿಸಬೇಡಿ. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಹೋಗುತ್ತದೆ. ಇಳಿಸಿದ ಮೇಲೂ ಕೆಲವು ಗಂಟೆ ನಿಲ್ಲಿಸಿಟ್ಟು ನಂತರ ಕರೆಂಟ್ ಕೊಡಿ.

3. ಕಲ್ಲಿನ ಟೇಬಲ್ ಟಾಪ್ ಅಡ್ಡ ಮಲಗಿಸಿದರೆ ಬಿರುಕು ಬಿಡುತ್ತದೆ. ಗಾಜಿನ ಹಾಗೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಹಳೆ ಕಂಬಳಿ ಹಾಕಿ.

4. ಭಾರದ ಸಾಮಾನು ಕೆಳಗೆ, ಕ್ಯಾಬಿನ್ ಕಡೆಗೆ. ಹಗುರ ಸಾಮಾನು ಮೇಲೆ. ಮೇಲೆ ಎರಡು ಪದರ ಟಾರ್ಪಾಲು.

5. ತ್ರೀ ಫೇಸ್ ಮೋಟಾರನ್ನು ಹೊಸ ಜಾಗದಲ್ಲಿ ಜೋಡಿಸಿದಾಗ ಉಲ್ಟಾ ತಿರುಗಬಹುದು. ಗಾಬರಿ ಬೇಡ. ಮೂರು ವೈರುಗಳಲ್ಲಿ ಎರಡನ್ನು ಎಲೆಕ್ಟ್ರಿಷಿಯನ್ ಅದಲು ಬದಲು ಮಾಡಿದರೆ ಸರಿಹೋಗುತ್ತದೆ. ಅಕ್ಕಿ ಹಾಕುವ ಮುಂಚೆ ಖಾಲಿ ಓಡಿಸಿ ನೋಡಿ.

6. ಗ್ಯಾಸ್ ಸಿಲಿಂಡರ್ ಒಂದನ್ನೂ ಲಾರಿಗೆ ಹಾಕಬೇಡಿ. 19 ಕಿಲೋದ ಕಮರ್ಷಿಯಲ್ ಸಿಲಿಂಡರುಗಳನ್ನು ಏಜೆನ್ಸಿಗೆ ವಾಪಸು ಕೊಟ್ಟು ಡಿಪಾಸಿಟ್ ತೆಗೆದುಕೊಳ್ಳಿ, ಹೊಸ ಊರಿನಲ್ಲಿ ಹೊಸ ಕನೆಕ್ಷನ್ ಮಾಡಿಸಿ.

ಬಾಡಿಗೆಯ ಮಾತು

ಮೊದಲು ನಾವು ಒಂದು ಪ್ಯಾಕರ್ಸ್ ಕಂಪನಿಯವರನ್ನು ಕರೆಸಿದ್ದೆವು. ಫೋನಿನಲ್ಲಿ ಎಲ್ಲರಿಗಿಂತ ಕಡಿಮೆ ರೇಟು ಹೇಳಿದರು. ಸಾಮಾನು ಪಟ್ಟಿ ಬರೆದು, ರೇಟಿಗೆ ಸಹಿ ಹಾಕಿ ಕೊಡಿ ಎಂದಾಗ ಮಾತು ಬದಲಾಯಿತು. "ಲೋಡ್ ಆದ ಮೇಲೆ ನೋಡೋಣ ಸಾರ್" ಎಂದರು. ಅಲ್ಲಿಗೇ ಕಳಿಸಿಬಿಟ್ಟೆವು. ನಮ್ಮ ಪರಿಚಯದ ಒಬ್ಬರಿಗೆ ಹೀಗೇ ಲೋಡ್ ಆದ ಮೇಲೆ ದಾರಿಯಲ್ಲಿ ಗಾಡಿ ನಿಲ್ಲಿಸಿ ದುಪ್ಪಟ್ಟು ಕೇಳಿದ್ದರು. ಸಾಮಾನು ಅವರ ಕೈಯಲ್ಲಿದೆ, ಓಪನಿಂಗ್ ದಿನ ಹತ್ತಿರವಿದೆ, ಕೊಡದೆ ಏನು ಮಾಡುತ್ತಾರೆ? ಕೊಟ್ಟರು.

ಆಮೇಲೆ ನಾವು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬೆಂಗಳೂರಿಗೆ ವಾಪಸು ಹೋಗುವ ಕರ್ನಾಟಕದ ಲಾರಿಯನ್ನೇ ಹಿಡಿದೆವು. ಖಾಲಿ ಹೋಗುವ ಗಾಡಿಯಾದ್ದರಿಂದ ಬಾಡಿಗೆ ಕಡಿಮೆ. ನ್ಯಾಷನಲ್ ಪರ್ಮಿಟ್, ಎಫ್‌ಸಿ, ಇನ್ಶೂರೆನ್ಸ್ ಮೂರನ್ನೂ ಕಣ್ಣಾರೆ ನೋಡಿ. ಟೋಲ್, ಹಮಾಲಿ, ಡ್ರೈವರ್ ಭತ್ಯೆ ಯಾರದು ಎಂದು ಬರೆಸಿಕೊಳ್ಳಿ. ಲಾರಿ ರಸೀದಿ ಇಲ್ಲದೆ ಗಾಡಿ ಬಿಡಬೇಡಿ.

2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ, ಸಾಮಾನಿನ ಬೆಲೆಯನ್ನು ನೀವು ಹೆಚ್ಚು ಎಂದು ಬರೆಸಿ ಒಪ್ಪಿಸದಿದ್ದರೆ, ಟ್ರಾನ್ಸ್‌ಪೋರ್ಟಿನವರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಬಾಡಿಗೆ 30,000 ರೂಪಾಯಿಯಾದರೆ ಹೆಚ್ಚೆಂದರೆ 3 ಲಕ್ಷ. ಹಾನಿಯಾದರೆ ಬುಕಿಂಗ್ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಇದರ ಜೊತೆಗೆ ಟ್ರಾನ್ಸಿಟ್ ಇನ್ಶೂರೆನ್ಸ್ ಮಾಡಿಸುವುದು ಒಳ್ಳೆಯದು.

ಕಾಗದ ಪತ್ರ

2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಸೇಲ್ಸ್ ಟ್ಯಾಕ್ಸ್ ಚೆಕ್‌ಪೋಸ್ಟ್ ಇಲ್ಲ. ಆದರೆ ಅಧಿಕಾರಿಗಳು ಹೈವೇಯಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಸಾಮಾನಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕು. ಬಳಸಿದ ಮನೆ ಸಾಮಾನಿಗೆ ವಿನಾಯಿತಿ ಇದೆ. ಹೋಟೆಲ್ ಸಾಮಾನು ಮನೆ ಸಾಮಾನಲ್ಲ, ಎರಡನ್ನೂ ಬೇರೆ ಬೇರೆ ಪಟ್ಟಿ ಮಾಡಿ. 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ನಮಗೆ ಮೂರು ದಿನದ ಅವಧಿ ಸಿಕ್ಕಿತು. ಇನ್ನೊಂದು ಮಾತು: ಎರಡು ರಾಜ್ಯದಲ್ಲಿ ಎರಡು ಜಿಎಸ್‌ಟಿ ನೋಂದಣಿ ಇದ್ದರೆ, ಮಾಲೀಕ ಒಬ್ಬನೇ ಆದರೂ ಕಾನೂನು ಇಬ್ಬರೆಂದೇ ಲೆಕ್ಕ ಹಾಕುತ್ತದೆ. ಬಿಲ್ ಹೇಗೆ ಮಾಡಬೇಕು ಎಂದು ಆಡಿಟರನ್ನು ಮೊದಲೇ ಕೇಳಿ. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಜಾಗಕ್ಕೆ ಸೇರಿದ್ದು, ಲಾರಿಯಲ್ಲಿ ಬರುವುದಿಲ್ಲ. ಹೊಸ ಜಾಗಕ್ಕೆ ಹೊಸದೇ ಆಗಬೇಕು.

ದಾರಿ

ಹೈದರಾಬಾದ್ ನಗರದೊಳಗೆ ಹಗಲು ದೊಡ್ಡ ಲಾರಿಗಳಿಗೆ ನಿರ್ಬಂಧ ಇದೆ. ರಾತ್ರಿ ಲೋಡ್ ಮಾಡಿ ಬೆಳಗಿನ ಜಾವ ಶಂಷಾಬಾದ್ ದಾಟಿದರೆ ಒಳ್ಳೆಯದು. ಮೊದಲು 7 ಎಂದಿದ್ದ ಹೆದ್ದಾರಿಗೆ ಈಗ 44ನೇ ನಂಬರ್. ಜಡ್ಚರ್ಲ, ಬೀಚುಪಲ್ಲಿಯಲ್ಲಿ ಕೃಷ್ಣೆ, ಕರ್ನೂಲಿನಲ್ಲಿ ತುಂಗಭದ್ರೆ, ಆಮೇಲೆ ಡೋಣ್, ಗುತ್ತಿ, ಅನಂತಪುರ, ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ. ರಾಯಕಲ್, ಶಾಖಾಪುರ, ಪುಲ್ಲೂರು, ಅಮಕತಾಡು, ಕಾಸೇಪಲ್ಲಿ, ಮರೂರು, ಬಾಗೇಪಲ್ಲಿ ಹೀಗೆ ಟೋಲ್‌ಗಳು ಬರುತ್ತವೆ. ಲಾರಿಗೂ ಕಾರಿಗೂ ಫಾಸ್ಟ್‌ಟ್ಯಾಗ್‌ನಲ್ಲಿ ಹಣ ಇರಲಿ.

ರಸ್ತೆ ಚೆನ್ನಾಗಿದೆ, ಘಾಟಿ ಇಲ್ಲ. ಅದೇ ಅಪಾಯ, ನಿದ್ದೆ ಬರುತ್ತದೆ. ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆಯಾದರೂ ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯಲ್ಲೇ ಇತ್ತು. ನಾವು ಮೂರು ಗಂಟೆಗೊಮ್ಮೆ ನಿಲ್ಲಿಸಿದೆವು. ಡ್ರೈವರಿಗೂ ಕ್ಲೀನರಿಗೂ ನಮ್ಮ ಜೊತೆಯೇ ಊಟ ಹಾಕಿಸಿದೆವು. ಅನ್ನ ಹಾಕುವ ಕಸುಬಿನವರು ನಾವು, ಅದರಲ್ಲಿ ಕೈ ಬಿಗಿ ಹಿಡಿಯಬಾರದು. ರಾತ್ರಿ ಅನಂತಪುರದ ಹತ್ತಿರ ಮಲಗಿ, ಬೆಳಗ್ಗೆ ಹೊರಟೆವು.

ಕೆಲಸದ ಹುಡುಗರನ್ನು ಸಾಮಾನಿನ ಮೇಲೆ ಕೂರಿಸಿ ಕಳಿಸುವ ರೂಢಿ ಕೆಲವರಲ್ಲಿದೆ. ದಯವಿಟ್ಟು ಬೇಡ. ಸರಕಿನ ಮಾಲೀಕ ಅಥವಾ ಅವರ ಪ್ರತಿನಿಧಿ ಕ್ಯಾಬಿನ್‌ನಲ್ಲಿ ಕೂತರೆ ಇನ್ಶೂರೆನ್ಸ್ ಇದೆ, ಮೇಲೆ ಕೂತ ಹುಡುಗನಿಗೆ ಇಲ್ಲ. ಕಾಚಿಗುಡದಿಂದ ಬೆಂಗಳೂರಿಗೆ ರಾತ್ರಿ ರೈಲು ಇದೆ, 2023ರ ಸೆಪ್ಟೆಂಬರ್‌ನಿಂದ ಯಶವಂತಪುರಕ್ಕೆ ವಂದೇ ಭಾರತ್ ಕೂಡ ಇದೆ. ನಮ್ಮ 11 ಮಂದಿಯೂ ರೈಲಿನಲ್ಲೇ ಬಂದು, ಸಾಮಾನು ಇಳಿಸುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಗ್ರೈಂಡರ್ ಹಾಳಾದರೆ ರಿಪೇರಿ ಮಾಡಿಸಬಹುದು, ಪಾತ್ರೆ ಹೋದರೆ ಹೊಸದು ತರಬಹುದು. ಊರಿನಲ್ಲಿ ಅಪ್ಪ ಅಮ್ಮ ನಮ್ಮನ್ನು ನಂಬಿ ಕಳಿಸಿದ ಹುಡುಗರ ವಿಷಯದಲ್ಲಿ ಉಳಿತಾಯದ ಲೆಕ್ಕ ಹಾಕಬಾರದು.

ಹೋಟೆಲ್ ಸ್ಥಳಾಂತರ ಮಾಡುವ ಯೋಚನೆಯಲ್ಲಿರುವ ಸದಸ್ಯರು ಕನಿಷ್ಠ ಒಂದು ತಿಂಗಳು ಮುಂಚೆ ಕಾಗದ ಪತ್ರದ ಕೆಲಸ ಶುರು ಮಾಡಿ. ನಿಮ್ಮ ಒಲೆ ಎಲ್ಲಿ ಉರಿದರೂ ಚೆನ್ನಾಗಿ ಉರಿಯಲಿ ಎಂದು ಹಾರೈಸುತ್ತೇವೆ.