ಕೆರೆಗೆ ಜಿಲೇಬಿ ಬಿಟ್ರೆ ಏನಾಗುತ್ತೆ?



ಹೋದ ಭಾನುವಾರ ಕೆರೆ ಏರಿ ಮೇಲೆ ನಡೆದ ಗಲಾಟೆ ನಿಮಗೆಲ್ಲ ಗೊತ್ತೇ ಇದೆ. ನಮ್ಮ ಶಾಲೆಯ ಎಂಟನೇ ತರಗತಿಯ ಮೂವರು ಹುಡುಗರು ಪಕ್ಕದೂರ ಕೆರೆಯಿಂದ ಒಂದು ಕೊಡಪಾನದ ತುಂಬ ಮೀನುಮರಿ ಹಿಡ್ಕೊಂಡು ಬಂದಿದ್ರು. ಎರಡು ಮೈಲಿ ನಡೆದು, ದಾರೀಲಿ ನೀರು ಬದಲಾಯಿಸಿ, ಒಂದು ಮರೀನೂ ಸಾಯದ ಹಾಗೆ ತಂದಿದ್ರು. ತೂಬಿನ ಹತ್ರ ಇಳಿದು ಇನ್ನೇನು ಸುರೀಬೇಕು, ಅಷ್ಟರಲ್ಲಿ ನಮ್ಮ ಚಿಕ್ಕಪ್ಪ ನೋಡಿಬಿಟ್ರು.

"ಏನ್ರೋ ಅದು?"

"ಜಿಲೇಬಿ ಮರಿ ಮಾವ. ನಮ್ ಕೆರೇಲಿ ಮೀನೇ ಇಲ್ವಲ್ಲ, ಬಿಡೋಣ ಅಂತ."

ಚಿಕ್ಕಪ್ಪ ಕೊಡಪಾನ ಕಿತ್ಕೊಂಡ್ರು. ಹುಡುಗರು ಅತ್ತರು. ಸಂಜೆ ಅರಳಿಕಟ್ಟೆ ಹತ್ರ ದೊಡ್ಡವರೂ ಎರಡು ಪಂಗಡ ಆದ್ರು. "ಪುಗಸಟ್ಟೆ ಮೀನು ಬಂದ್ರೆ ಇವನಿಗೇನು ಹೊಟ್ಟೆಯುರಿ? ಪಾಶುವಾರು ಇವನ ಸಂಘಕ್ಕೆ ಆಗಿದೆ ಅಂತ ತಾನೆ?" ಅಂದವರೂ ಇದ್ರು.

ಚಿಕ್ಕಪ್ಪ ನಮ್ಮವರು ಅಂತ ನಾನು ಅವರ ಪರ ಬರೀತಾ ಇಲ್ಲ. ಹುಡುಗರಿಗೆ ಅಷ್ಟು ಬೈದದ್ದು ಸರಿಯಲ್ಲ ಅಂತ ಮನೇಲೇ ಹೇಳಿದೀನಿ. ಆದರೆ ಆ ಕೊಡಪಾನ ಕೆರೆಗೆ ಬಿದ್ದಿದ್ರೆ ಏನಾಗ್ತಿತ್ತು ಅನ್ನೋದನ್ನ ಅವರೂ ಸರಿಯಾಗಿ ಹೇಳಲಿಲ್ಲ, ಬೈದವರೂ ಕೇಳಲಿಲ್ಲ. ವಿಜ್ಞಾನದ ಮೇಷ್ಟ್ರನ್ನು ಕೇಳಿ, ಲೈಬ್ರರಿ ಬೀರುವಿನ ಪುಸ್ತಕ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಸಂಪಾದಕಿ ಒಂದು ಹಾಳೆ ಸಾಲದು ಅಂತ ಮೂರು ಹಾಳೆ ಕೊಟ್ಟಿದ್ದಾಳೆ. ನಿಂತು ಓದಿ ಕಾಲು ನೋವು ಬಂದರೆ ಉಳಿದದ್ದನ್ನು ನಾಳೆ ಓದಿ.

ಮೊದಲು ಜಿಲೇಬಿಯ ಊರು ಯಾವುದು ಅಂತ ನೋಡೋಣ. ಪುಸ್ತಕದಲ್ಲಿ ಇದರ ಹೆಸರು ತಿಲಾಪಿಯಾ. ತವರು ಆಫ್ರಿಕಾ. ಅಲ್ಲಿ ಇದರ ಜಾತಿಗಳು ಬಹಳ ಇವೆ. ನಮ್ಮ ಕಡೆ ಮೊದಲು ಬಂದದ್ದು ಮೊಜಾಂಬಿಕ್ ತಿಲಾಪಿಯಾ, 1952ರಲ್ಲಿ. ಯಾರೋ ಕೆಟ್ಟ ಬುದ್ಧಿಯಿಂದ ತಂದದ್ದಲ್ಲ. ದೇಶದಲ್ಲಿ ಆಹಾರಕ್ಕೆ ಕೊರತೆ ಇದ್ದ ಕಾಲ. ಕಡಿಮೆ ಖರ್ಚಿನಲ್ಲಿ, ಯಾವ ಕೊಳದಲ್ಲಿ ಬೇಕಾದರೂ ಬೆಳೆಯುವ ಮೀನು ಸಿಕ್ಕಿತು ಅಂತ ತಂದರು. ಆದರೆ ಏಳೇ ವರ್ಷಕ್ಕೆ, 1959ರಲ್ಲಿ, ಇದನ್ನು ಮುಂದೆ ಹರಡಬಾರದು ಅಂತ ದೇಶದ ಮೀನುಗಾರಿಕೆ ಸಂಶೋಧನಾ ಸಮಿತಿಯೇ ತಡೆ ಹಾಕಬೇಕಾಯಿತು. ಅಷ್ಟರಲ್ಲಿ ಮೀನು ಕೈ ಮೀರಿ ಹೋಗಿತ್ತು. ಒಬ್ಬರ ಕೊಡಪಾನದಿಂದ ಇನ್ನೊಬ್ಬರ ಕೆರೆಗೆ, ಹೀಗೇ.

ಏಳು ವರ್ಷದಲ್ಲಿ ಕಂಡ ಆ ತಪ್ಪು ಯಾವುದು? ಇದಕ್ಕೆ ಉತ್ತರ ಜಿಲೇಬಿಯ ಸಂಸಾರದಲ್ಲಿದೆ.

ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಸಂಘದವರು ಪ್ರತಿ ವರ್ಷ ದುಡ್ಡು ಕೊಟ್ಟು ತಂದು ಬಿಡುತ್ತಾರಲ್ಲ, ಯಾಕೆ ಗೊತ್ತೇ? ಅವು ಉತ್ತರದ ದೊಡ್ಡ ನದಿಗಳ ಮೀನು. ಮಳೆಗಾಲದಲ್ಲಿ ಹರಿಯುವ ಹೊಸ ನೀರಿನಲ್ಲಿ ಮೊಟ್ಟೆ ಇಡುವುದು ಅವುಗಳ ರೂಢಿ. ನಿಂತ ಕೆರೆ ನೀರಲ್ಲಿ ದಪ್ಪಗೆ ಬೆಳೀತಾವೆ, ಮರಿ ಮಾಡಲ್ಲ. 1957ರಲ್ಲಿ ಡಾ. ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಒಡಿಶಾದ ಅಂಗುಲ್‌ನಲ್ಲಿ ಈ ಮೀನುಗಳಿಗೆ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸುವ ವಿಧಾನ ಕಂಡುಹಿಡಿದರು. ಮೀನುಮರಿ ಕೇಂದ್ರಗಳು ನಡೆಯುವುದು ಆ ವಿದ್ಯೆಯಿಂದಲೇ. ಅಂದರೆ ಈ ಮೀನುಗಳೂ ನಮ್ಮ ಕೆರೆಗೆ ಹೊರಗಿನವೇ. ಆದರೆ ಎಷ್ಟು ಬಿಟ್ಟೆವೋ ಅಷ್ಟೇ ಇರುತ್ತವೆ, ಹಿಡಿದರೆ ಮುಗೀತು.

ಜಿಲೇಬಿಗೆ ಚುಚ್ಚುಮದ್ದೂ ಬೇಡ, ಹರಿಯೋ ನೀರೂ ಬೇಡ. ಎರಡು ಮೂರು ತಿಂಗಳಿಗೇ ಅದು ಮರಿ ಮಾಡುವ ವಯಸ್ಸಿಗೆ ಬರುತ್ತೆ. ಗಂಡು ಮೀನು ದಡದ ಹತ್ತಿರ ಮಣ್ಣಿನಲ್ಲಿ ಬಾಯಿಂದ ಕಿತ್ತು ಕಿತ್ತು ಊಟದ ತಟ್ಟೆಯಂಥ ಗುಳಿ ಮಾಡುತ್ತೆ. ಹೆಣ್ಣು ಅಲ್ಲಿ ಮೊಟ್ಟೆ ಇಟ್ಟು, ತಕ್ಷಣ ಎಲ್ಲವನ್ನೂ ಬಾಯೊಳಗೆ ತುಂಬಿಕೊಳ್ಳುತ್ತೆ. ಮರಿ ಒಡೆದು ಈಜುವ ತನಕ ಮೊಟ್ಟೆ ಅಲ್ಲೇ ಇರುತ್ತವೆ. ಆಮೇಲೂ ಅಪಾಯ ಕಂಡರೆ ಮರಿಗಳು ಓಡಿ ಬಂದು ಅಮ್ಮನ ಬಾಯಿ ಸೇರುತ್ತವೆ! (ಪಕ್ಕದ ಚಿತ್ರ ನೋಡಿ. ಬಣ್ಣ ಹಚ್ಚಿದವಳು ಒಂಬತ್ತನೇ ತರಗತಿಯವಳು, ಮೀನಿನ ಬಾಯಿ ಸ್ವಲ್ಪ ದೊಡ್ಡದಾಗಿದೆ, ಬೇಜಾರಿಲ್ಲ.) ಬೇರೆ ಮೀನುಗಳ ಮೊಟ್ಟೆಯನ್ನು ಸಿಕ್ಕಸಿಕ್ಕವರು ತಿಂದು ಮುಗಿಸುತ್ತಾರೆ. ಜಿಲೇಬಿ ಇಡುವ ಮೊಟ್ಟೆ ಕಡಿಮೆ, ಆದರೆ ಬದುಕೋದು ಜಾಸ್ತಿ. ಅದೂ ವರ್ಷಕ್ಕೆ ಹಲವು ಸಲ.

ಹೀಗಾದರೆ ಮೀನು ಜಾಸ್ತಿ ಆಗೋದು ಒಳ್ಳೇದೇ ಅಲ್ವಾ ಅಂತ ನಾನೂ ಕೇಳಿದೆ. ಅದಕ್ಕೆ ಮೇಷ್ಟ್ರು, "ರಾಗಿ ಒತ್ತಾಗಿ ಬಿತ್ತಿ, ಕುಂಟೆ ಹಾಯಿಸದೆ ಬಿಟ್ರೆ ಏನಾಗುತ್ತೆ?" ಅಂದರು. ಪೈರು ಹೊಲದ ತುಂಬ ಇರುತ್ತೆ, ತೆನೆ ಮಾತ್ರ ಸಣ್ಣಗೆ ಕುರುಚಲು. ಕೆರೆಯಲ್ಲೂ ಅದೇ. ಇರುವ ಪಾಚಿ, ಹುಳ, ಸೊಪ್ಪು ಇಷ್ಟೇ. ಅದನ್ನು ಲೆಕ್ಕವಿಲ್ಲದಷ್ಟು ಬಾಯಿ ಹಂಚಿಕೊಂಡರೆ ಯಾವುದೂ ಬೆಳೆಯಲ್ಲ. ವಿಚಿತ್ರ ಏನೆಂದರೆ, ಒತ್ತಾದಷ್ಟೂ ಜಿಲೇಬಿ ಇನ್ನೂ ಸಣ್ಣದಿರುವಾಗಲೇ ಮರಿ ಮಾಡೋಕೆ ಶುರು ಮಾಡುತ್ತೆ. ಪಕ್ಕದೂರ ಕೆರೆಯಲ್ಲಿ ಬೀಸುಬಲೆ ಎಳೆದರೆ ಬರೋದು ನೋಡಿ: ಬಲೆ ಭಾರ, ಆದರೆ ಅಂಗೈಗಿಂತ ದೊಡ್ಡ ಮೀನು ಹುಡುಕಬೇಕು. ಮುಳ್ಳೇ ಜಾಸ್ತಿ. ಬಿಟ್ಟ ಕಾಟ್ಲಾ, ರೋಹು ಕೂಡ ಸೊರಗಿರುತ್ತವೆ. ಚಿಕ್ಕಪ್ಪನ ಸಿಟ್ಟಿಗೆ ಕಾರಣ ಇದು. ಸಂಘದವರು ಸಾಲ ಮಾಡಿ ಮರಿ ಬಿಟ್ಟಿದ್ದಾರೆ.

ಸಂಘದ ನಷ್ಟ ಒಂದು ಕಡೆ ಇರಲಿ. ನನಗೆ ಇನ್ನೊಂದು ನಷ್ಟವೇ ದೊಡ್ಡದಾಗಿ ಕಾಣುತ್ತೆ. ನಮ್ಮಜ್ಜಿಗೆ ಕೆರೆ ಮೀನಿನ ಹೆಸರು ಹೇಳು ಅಂದರೆ ಬೆರಳು ಮಡಿಸುತ್ತಾ ಹೋಗುತ್ತೆ: ಕೊರವ, ಪಕ್ಕೆ, ಸಸಲು, ಹಾವುಮೀನು, ಚೇಳುಮೀನು... ನಮ್ಮ ತರಗತಿಯಲ್ಲಿ ಕೇಳಿದೆ. ಜಿಲೇಬಿ, ಕಾಟ್ಲಾ ಅಂದು ನಿಲ್ಲಿಸಿದರು. ಜಿಲೇಬಿ ಒಂದೇ ಇದಕ್ಕೆಲ್ಲ ಕಾರಣ ಅಂದರೆ ಸುಳ್ಳಾಗುತ್ತೆ. ಕೆರೆ ಒಣಗಿತು, ಹೂಳು ತುಂಬಿತು, ಹೊಲದ ಔಷಧಿ ಹರಿದು ಬಂತು. ಆದರೆ ಅಷ್ಟರಲ್ಲೂ ಉಳಿದುಕೊಂಡ ಸಣ್ಣ ಮೀನಿನ ಮೊಟ್ಟೆ, ಮರಿ ತಿನ್ನೋದು, ದಡದ ಜಾಗ ಹಿಡಿಯೋದು, ನೀರನ್ನು ಕದಡೋದು ಜಿಲೇಬಿ ಕೆಲಸ. ಕೊರವನ ಕೆಂಪು ಮರಿಗಳು ಗುಂಪಾಗಿ ನೀರ ಮೇಲೆ ತೇಲೋದು, ಕೆಳಗೆ ಅಪ್ಪ ಅಮ್ಮ ಕಾವಲಿರೋದು ಅಜ್ಜಿ ನೋಡಿದೆ. ನಾನು ನೋಡಿಲ್ಲ.

ಇನ್ನೊಂದು ಕಡೆಯ ಮಾತೂ ಹೇಳಬೇಕು. ಇದೇ ಅಜ್ಜಿ, "ಕೊರವ ಯಾರ ಮನೇಲಿ ಬೇಯ್ತಿತ್ತು, ದುಡ್ಡಿದ್ದೋರ ಮನೇಲಿ. ಜಿಲೇಬಿ ಬಂದ್ಮೇಲೆ ನಮ್ಮನೇಲೂ ಮೀನ್ಸಾರು ಆಯ್ತು" ಅನ್ನುತ್ತೆ. ಅದೂ ನಿಜ. ಹುಡುಗರ ಪರ ನಿಂತವರ ಮಾತಿನಲ್ಲಿ ಇದ್ದದ್ದು ಈ ನಿಜವೇ.

ಒಂದು ಮೀನಿನಿಂದ ಒಂದು ಕೆರೆ ಹಾಳಾಗೋದುಂಟಾ ಅಂತ ಅರಳಿಕಟ್ಟೆಯಲ್ಲಿ ಒಬ್ಬರು ನಕ್ಕರಂತೆ. ನಮ್ಮ ಕೆರೆ ಬಿಡಿ, ಆಫ್ರಿಕಾದ ವಿಕ್ಟೋರಿಯಾ ಸರೋವರದ ಕತೆ ಕೇಳಿ. ಉಗಾಂಡ, ಕೀನ್ಯಾ, ತಾಂಜಾನಿಯಾ ಮೂರು ದೇಶಗಳ ನಡುವೆ ಇರುವ ಅದರ ವಿಸ್ತೀರ್ಣ ಸುಮಾರು 68,800 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು! ಅಲ್ಲಿ ಬೆರಳುದ್ದದ ಸಣ್ಣ ಮೀನುಗಳ ಸುಮಾರು 500 ಜಾತಿ ಇದ್ದವು. ಬೇರೆಲ್ಲೂ ಇಲ್ಲದವು. ಒಂದು ಪಾಚಿ ತಿನ್ನುವುದು, ಒಂದು ಬಸವನಹುಳು ಒಡೆದು ತಿನ್ನುವುದು, ಒಂದು ತಳದ ಕೊಳೆ ತಿನ್ನುವುದು. ಊರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಸುಬು ಇರುವ ಹಾಗೆ.

1950ರ ದಶಕದಲ್ಲಿ ಅಲ್ಲಿಗೆ ನೈಲ್ ಪರ್ಚ್ ಎಂಬ ಬೇಟೆ ಮೀನನ್ನು ತಂದು ಬಿಟ್ಟರು. ಅದು ಆಳೆತ್ತರ ಮೀರಿ, 200 ಕಿಲೋ ತನಕ ಬೆಳೆಯಬಲ್ಲದು. ಮುಳ್ಳು ಮೀನಿಗೆ ಬದಲು ದೊಡ್ಡ ಮೀನು ಸಿಗಲಿ ಅಂತ ಆಸೆ. ಇಪ್ಪತ್ತೈದು ಮೂವತ್ತು ವರ್ಷ ಏನೂ ಆಗಲಿಲ್ಲ. ನೋಡಿದಿರಾ, ಇದೇ ಮೋಸ. 1980ರ ದಶಕದಲ್ಲಿ ಒಮ್ಮೆಗೇ ಪರ್ಚ್ ಉಕ್ಕಿತು. ಕೆಲವೇ ವರ್ಷದಲ್ಲಿ ಸುಮಾರು 200 ಜಾತಿಯ ಸಣ್ಣ ಮೀನುಗಳು ಕಾಣೆಯಾದವು. ಪಾಚಿ, ಕೊಳೆ ತಿನ್ನೋರು ಹೋದರು. ಸುತ್ತಲ ಊರು, ಹೊಲಗಳ ಕೊಳೆಯೂ ಹರಿದು ಬರುತ್ತಿತ್ತು. ಪಾಚಿ ಬೆಳೆದು ಕೊಳೆತು, ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಯಿತು.

ಪರ್ಚ್ ಮೀನಿಗೆ ಹೊರದೇಶದಲ್ಲಿ ಬೆಲೆ ಬಂತು, ಕಾರ್ಖಾನೆಗಳು ಬಂದವು, ಎಷ್ಟೋ ಜನಕ್ಕೆ ಕೆಲಸವೂ ಸಿಕ್ಕಿತು. ಆದರೆ ದಡದ ಬಡವರಿಗೆ ಮಾಂಸ ಕೆತ್ತಿ ಉಳಿದ ತಲೆ, ಮೂಳೆ. ಮೊದಲು ಹೆಂಗಸರು ಸಣ್ಣ ಮೀನನ್ನು ಬಿಸಿಲಿಗೆ ಹರಡಿ ಒಣಗಿಸಿ ಮಾರುತ್ತಿದ್ದರು. ಪರ್ಚ್ ಎಣ್ಣೆ ಮೀನು, ಬಿಸಿಲಿಗೆ ಒಣಗಲ್ಲ, ಹೊಗೆ ಹಾಕಬೇಕು. ಸೌದೆಗೆ ದಡದ ಮರ ಕಡಿದರು. ನೀರಿನಲ್ಲಿ ಬಿಟ್ಟ ಮೀನು ದಡದ ಮರವನ್ನೂ ತಿಂತು ಅಂತಾಯಿತು. ಆಮೇಲೆ ಪರ್ಚನ್ನೇ ವಿಪರೀತ ಹಿಡಿದದ್ದರಿಂದ ಅದು ಕಡಿಮೆಯಾಗಿ, ಕೆಲವು ಸಣ್ಣ ಜಾತಿಗಳು ಮತ್ತೆ ಕಂಡಿವೆ. ಎಲ್ಲವೂ ಅಲ್ಲ.

ಆಫ್ರಿಕಾ ಮೀನೆಲ್ಲ ಕೆಟ್ಟದು, ನಮ್ಮ ಮೀನೆಲ್ಲ ಒಳ್ಳೇದು ಅಂತ ತಿಳ್ಕೋಬೇಡಿ. ಆ ಮೊಜಾಂಬಿಕ್ ತಿಲಾಪಿಯಾ ತನ್ನ ತವರಲ್ಲೇ ಈಗ ಅಪಾಯದಲ್ಲಿದೆ. ಅಲ್ಲಿಗೆ ತಂದು ಬಿಟ್ಟ ನೈಲ್ ತಿಲಾಪಿಯಾ ಅದರ ಜೊತೆ ಬೆರೆತು ತಳಿಯನ್ನೇ ಕೆಡಿಸುತ್ತಿದೆ. ನಮ್ಮ ಕೊರವನ ದಾಯಾದಿ ಒಂದು ಚೀನಾ ಕಡೆಯದು. 2002ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನ ಒಂದು ಕೊಳದಲ್ಲಿ ಅದು ಸಿಕ್ಕಿತು. ಒಬ್ಬಾತ ಸಂತೆಯಿಂದ ಜೀವಂತ ತಂದ ಎರಡೇ ಎರಡು ಮೀನನ್ನು ಬಿಟ್ಟಿದ್ದನಂತೆ. ಕೊಳಕ್ಕೆ ವಿಷ ಹಾಕಿ ನೋಡಿದರೆ ಸಾವಿರಕ್ಕೂ ಹೆಚ್ಚು ಮರಿ! ಮೀನಿನ ತಪ್ಪೇನಿಲ್ಲ. ತನ್ನ ಊರಲ್ಲಿ ಅದನ್ನು ತಿನ್ನುವವರು, ಅದಕ್ಕೆ ಎದುರು ನಿಲ್ಲುವವರು ಇರುತ್ತಾರೆ. ಹೊಸ ನೀರಲ್ಲಿ ಯಾರೂ ಇಲ್ಲ.

ಇದೇ ಸಾಲಿನ ಇನ್ನೆರಡರ ವಿಷಯ ಬೇಗ ಹೇಳ್ತೀನಿ. ಆಫ್ರಿಕನ್ ಕ್ಯಾಟ್‌ಫಿಶ್, ಮೀಸೆ ಇರೋ ಕರಿ ಮೀನು. ಕೇಂದ್ರ ಸರ್ಕಾರ 2000ದಲ್ಲಿ ಅದರ ಸಾಕಣೆ ನಿಷೇಧಿಸಿದೆ. ಮೀನು, ಕಪ್ಪೆ, ಕೊಳೆತ ಮಾಂಸ, ಸಿಕ್ಕಿದ್ದೆಲ್ಲ ತಿನ್ನುತ್ತೆ. ಗಾಳಿ ಉಸಿರಾಡುತ್ತೆ, ಒದ್ದೆ ನೆಲದ ಮೇಲೆ ತೆವಳುತ್ತೆ. ಯಾರಾದರೂ ಹೊಂಡದಲ್ಲಿ ಸಾಕಿದ್ದರೆ ಜೋರು ಮಳೆಗೆ ಅದು ಹೊಂಡದಲ್ಲೇ ಇರುತ್ತೆ ಅಂತ ಹೇಳೋಕಾಗಲ್ಲ. ಎರಡನೆಯದು ಗಾಂಬೂಸಿಯಾ, ಸೊಳ್ಳೆ ಮರಿ ತಿನ್ನಲಿ ಅಂತ 1928ರಲ್ಲೇ ತಂದದ್ದು. ಸೊಳ್ಳೆ ಮರಿ ಜೊತೆ ಕಪ್ಪೆಯ ಗೊದಮೊಟ್ಟೆ, ಮೀನಿನ ಮರಿಯನ್ನೂ ತಿನ್ನುತ್ತೆ. ಬಾಯಿ ಮುಚ್ಚಿದ ತೊಟ್ಟಿಗೆ ಸರಿ, ಕೆರೆಗೆ ಬೇಡ.

ಈಗ ನಮ್ಮ ಕೆರೆಗೆ ಬರೋಣ. ಮೂರು ವರ್ಷ ಒಣಗಿತ್ತು, ಹೂಳು ತೆಗೆದರು, ಈ ಸಲ ನೀರು ನಿಂತಿದೆ. ಒಣಗಿದಾಗ ಜಿಲೇಬಿಯೂ ಪೂರ್ತಿ ಹೋಗಿತ್ತು. ಪಕ್ಕದೂರ ಕೆರೆ ಬೇರೆ ಹಳ್ಳದ್ದು, ಅದರ ಕೋಡಿ ನೀರು ನಮಗೆ ಬರಲ್ಲ. ಬಂದರೆ ಜಿಲೇಬಿ ಯಾರದಾದರೂ ಕೈಯಿಂದಲೇ ಬರಬೇಕು. ಸಸಲು, ಪಕ್ಕೆ ಮಾತ್ರ ಮೇಲಿನ ಕಟ್ಟೆಗಳಿಂದ, ಹಳ್ಳದ ಗುಂಡಿಗಳಿಂದ ತಾವಾಗೇ ಇಳಿಯುತ್ತಿವೆ. ಮೊನ್ನೆ ತೂಬಿನ ಹತ್ರ ಟವೆಲ್ ಹಿಡಿದು ನಾವು ನಾಲ್ಕು ಜನ ನೋಡಿದೆವು. ಬೆರಳುದ್ದದ್ದು ಹನ್ನೊಂದು ಸಿಕ್ಕಿದವು. ಅಜ್ಜಿ ಗುರುತಿಸಿ ಸಸಲು ಅಂತು. ಮತ್ತೆ ಬಿಟ್ಟೆವು.

ಬೇಸಿಗೆಯಲ್ಲಿ ನೀರು ಇಳಿದಾಗ ದಡದ ಕೆಸರಿನಲ್ಲಿ ತಟ್ಟೆ ತಟ್ಟೆ ಗುಳಿ ಕಂಡರೆ ಜಿಲೇಬಿ ಬಂದಿದೆ ಅಂತಲೇ ಅರ್ಥ. ದನ ಮೇಯಿಸೋಕೆ ಹೋಗೋರು, ಬಟ್ಟೆ ಒಗೆಯೋಕೆ ಹೋಗೋರು ನೋಡಿದರೆ ಸಂಘದವರಿಗೆ ಹೇಳಿ. ಗುಳಿ ಹತ್ತಿದ್ದಾಗಲೇ ಬಲೆ ಹಾಕಿದರೆ ಏನಾದರೂ ಮಾಡಬಹುದು, ನೂರಾದ ಮೇಲೆ ಆಗಲ್ಲ.

ಕೊಡಪಾನದ ಮರಿಗಳು ಏನಾದವು ಅಂತ ಎಲ್ಲರೂ ಕೇಳ್ತಿದ್ದೀರಿ. ಆ ಹುಡುಗರ ಮನೆಗೇ ಚಿಕ್ಕಪ್ಪ ತಗೊಂಡು ಹೋಗಿ ಕೊಟ್ಟರು. ಮೂರು ಮನೆಗೂ ಹಂಚಿ ಹುರಿದರಂತೆ. ಕೊಡಪಾನ ಇನ್ನೂ ನಮ್ಮನೆ ಜಗಲಿ ಮೇಲೇ ಇದೆ, ಬಂದು ತಗೊಂಡು ಹೋಗಿ.

— ಹತ್ತನೇ ತರಗತಿ, ವಿಜ್ಞಾನ ಸಂಘ